ಕೊಟ್ಟಿಗೆಯಲ್ಲಿ ಸಿಕ್ಕ ಕಾರಿಗೂ ಒಬ್ಬ ಮಾಲೀಕ ಇರುತ್ತಾನೆ

ಹಳೆ ಕಾರುಗಳನ್ನು ನೋಡಿ ಬೆಲೆ ಕಟ್ಟುವುದು, ಆಮೇಲೆ ಅವನ್ನು ಓಡುವ ಹಾಗೆ ಮಾಡುವುದು ನನ್ನ ಕೆಲಸ. ನನಗೆ ಬರುವ ಫೋನ್‌ಗಳಲ್ಲಿ ಒಂದು ಬಗೆಯದ್ದು ತುಂಬಾ ಸಾಮಾನ್ಯ. ‘ಸಾರ್, ಸಕಲೇಶಪುರದ ಕಡೆ ಒಂದು ಎಸ್ಟೇಟ್ ಇದೆಯಂತೆ. ಶೆಡ್ಡಿನಲ್ಲಿ ದೊರೆಗಳ ಕಾಲದ ಕಾರು ನಿಂತಿದೆಯಂತೆ. ರೋಲ್ಸ್ ರಾಯ್ಸೇ ಇರಬೇಕು ಅಂತಾರೆ.’ ಯಾರ ಎಸ್ಟೇಟು, ಕಾರು ಯಾರ ಹೆಸರಿನಲ್ಲಿದೆ ಅಂತ ಕೇಳಿದರೆ ಆ ಕಡೆಯಿಂದ ಉತ್ತರ ಬರುವುದಿಲ್ಲ. ನೋಡಿದ್ದು ಫೋನ್ ಮಾಡಿದವರಲ್ಲ, ಅವರ ಸ್ನೇಹಿತರ ಭಾವ. ಅದೂ ಎಷ್ಟೋ ವರ್ಷಗಳ ಹಿಂದೆ.

ಇಂಥ ಸುದ್ದಿಯನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅಪರೂಪದ ಕಾರುಗಳು ಕೊಟ್ಟಿಗೆಗಳಲ್ಲಿ, ಬೀಗ ಹಾಕಿದ ಗ್ಯಾರೇಜುಗಳಲ್ಲಿ ನಿಜವಾಗಿಯೂ ಸಿಕ್ಕಿವೆ, ಇನ್ನೂ ಸಿಗುತ್ತಿವೆ. ಆದರೆ ನಿಜವಾಗಿ ಸಿಕ್ಕಿದ್ದನ್ನೂ ಬರೀ ಸುದ್ದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸುದ್ದಿಯಲ್ಲಿ ಕಾರು ಮಾತ್ರ ಇರುತ್ತದೆ. ನಿಜವಾದ ಪ್ರಕರಣದಲ್ಲಿ ಅದನ್ನು ಕೊಂಡ, ಇಟ್ಟುಕೊಂಡ, ಯಾರು ಕೇಳಿದರೂ ಕೊಡದ ಒಬ್ಬ ಮನುಷ್ಯ ಇರುತ್ತಾನೆ.

ಪೋರ್ಚುಗಲ್‌ನ ಕತೆ ನೆನಪಿರಬಹುದು. 2007ರ ಸುಮಾರಿಗೆ ಇಮೇಲ್‌ಗಳಲ್ಲಿ ಪ್ರಪಂಚವೆಲ್ಲ ಸುತ್ತಿತು. ನ್ಯೂಯಾರ್ಕಿನ ನಿವೃತ್ತ ದಂಪತಿ ಅಲ್ಲೊಂದು ತೋಟ ಕೊಂಡರಂತೆ. ಕೊಟ್ಟಿಗೆಯ ಬಾಗಿಲಿಗೆ ವೆಲ್ಡಿಂಗ್ ಮಾಡಿತ್ತಂತೆ. ಒಡೆದು ನೋಡಿದರೆ ಒಳಗೆ 180 ಹಳೆ ಕಾರುಗಳಂತೆ! ಜೊತೆಗೆ ಬಂದ ಫೋಟೊಗಳು ನಿಜವಾದವೇ. ಧೂಳು ನಿಜ, ಕಾರುಗಳೂ ನಿಜ. ಸುಳ್ಳಾಗಿದ್ದದ್ದು ದಂಪತಿಯ ಕತೆ. ಆ ಕಾರುಗಳೆಲ್ಲ ಒಬ್ಬ ಕಾರು ವ್ಯಾಪಾರಿಯವು. ವ್ಯಾಪಾರದಲ್ಲಿ ಕೈಗೆ ಬಂದ ಒಳ್ಳೊಳ್ಳೆ ಹಳೆ ಗಾಡಿಗಳನ್ನು ಮಾರದೆ ಎತ್ತಿಟ್ಟಿದ್ದರು. ಕೊಟ್ಟಿಗೆ ತುಂಬಿದ ಮೇಲೆ ಬಾಗಿಲು ಬೆಸೆದರು. ಫೋಟೊ ತೆಗೆಸಿದ್ದೂ ಅವರೇ.

ಗಾಳಿಸುದ್ದಿ ಇಲ್ಲಿ ಏನು ಮಾಡಿತು ನೋಡಿ. ಇದ್ದ ಕಾರುಗಳನ್ನು ಹಾಗೇ ಬಿಟ್ಟು, ಇದ್ದ ಮಾಲೀಕನನ್ನು ಅಳಿಸಿತು. ಮಾಲೀಕ ಇದ್ದರೆ ಅದು ಯಾರದ್ದೋ ಸಂಗ್ರಹ. ಮಾಲೀಕ ಇಲ್ಲದಿದ್ದರೆ ಅದು ನಿಧಿ. ನಿಧಿ ಅಂದ ತಕ್ಷಣ ಕೇಳುವವರಿಗೂ ಆಸೆ ಹುಟ್ಟುತ್ತದೆ, ಅಲ್ವಾ? ಅದಕ್ಕೇ ಇಂಥ ಕತೆ ಅಷ್ಟು ಬೇಗ ಹರಡುತ್ತದೆ.

ಈಗ ನಿಜವಾಗಿ ಸಿಕ್ಕಿದ್ದೊಂದನ್ನು ನೋಡೋಣ. 2014ರಲ್ಲಿ ಪಶ್ಚಿಮ ಫ್ರಾನ್ಸಿನ ಒಂದು ತೋಟದಲ್ಲಿ 60 ಕಾರುಗಳು ಬೆಳಕಿಗೆ ಬಂದವು. ಅವನ್ನು ಕೂಡಿಟ್ಟವರು ರೋಜೆ ಬಯೋನ್. ಲಾರಿ ಸಾಗಣೆಯಲ್ಲಿ ದುಡ್ಡು ಮಾಡಿದವರು. 1950ರ ದಶಕದಲ್ಲಿ ಯುದ್ಧಕ್ಕೆ ಮುಂಚಿನ ದೊಡ್ಡ ಕಾರುಗಳಿಗೆ ಕೇಳುವವರೇ ಇರಲಿಲ್ಲ. ಎಷ್ಟೋ ಗಾಡಿಗಳು ನೇರ ಗುಜರಿಗೆ ಹೋದವು. ಬಯೋನ್ ಅಂಥವನ್ನು ಒಂದೊಂದಾಗಿ ಕೊಂಡರು. ಮುಂದೆ ಒಂದು ಮ್ಯೂಸಿಯಂ ಮಾಡಬೇಕು ಅನ್ನೋದು ಅವರ ಕನಸು. 1970ರ ದಶಕದಲ್ಲಿ ವ್ಯಾಪಾರ ನೆಲಕಚ್ಚಿತು. ಒಂದಷ್ಟು ಕಾರುಗಳು ಹರಾಜಾದವು. ಕಾರುಗಳ ವಿಷಯ ಬಲ್ಲವರು ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡರು. ಮುಗಿದಿರಲಿಲ್ಲ. ಉಳಿದವು ತಗಡಿನ ಮಾಡುಗಳ ಕೆಳಗೆ ಹಾಗೇ ನಿಂತವು. ರೋಜೆ ತೀರಿಕೊಂಡರು, ಅವರ ಮಗನೂ ತೀರಿಕೊಂಡರು. ಆಮೇಲೆ ಮೊಮ್ಮಕ್ಕಳು ಆರ್ಟ್‌ಕ್ಯೂರಿಯಲ್ ಎಂಬ ಹರಾಜು ಸಂಸ್ಥೆಯವರನ್ನು ಕರೆಸಿದರು.

ಬಂದವರು ಮೊದಲು ನೋಡಿದ್ದು ಬರೀ ನಾಶ. ಗೋಡೆಯಿಲ್ಲದ ಮಾಡಿನ ಕೆಳಗೆ ಮಳೆಗಾಳಿಗೆ ಕೊಳೆತ ಬಾಡಿಗಳು, ಮೇಲೆ ಹಬ್ಬಿದ ಬಳ್ಳಿಗಳು. ಈಜಿಪ್ಟಿನ ದೊರೆ ಫಾರೂಕ್ ಇಟ್ಟುಕೊಂಡಿದ್ದ ತಾಲ್ಬೊ ಲಾಗೊ ಎಂಬ ಫ್ರೆಂಚ್ ಕಾರು ಕೂಡ ಅದೇ ರಾಶಿಯಲ್ಲಿತ್ತು. ಮುಚ್ಚಿದ ಗ್ಯಾರೇಜಿನಲ್ಲಿ, ಹಳೆ ಪತ್ರಿಕೆಗಳ ಕಟ್ಟುಗಳ ಕೆಳಗೆ, 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಇತ್ತು. ಗಿಡ್ಡ ವೀಲ್‌ಬೇಸಿನದು, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಕಡಿಮೆ ಇರುವಂಥದ್ದು, ಹೆಡ್‌ಲೈಟಿಗೆ ಮೇಲೊಂದು ಪಾರದರ್ಶಕ ಮುಚ್ಚಳ ಇರುವ ಮಾದರಿ. ಅಂಥವು ತಯಾರಾಗಿದ್ದೇ 37. ಚಾಸಿಸ್ ನಂಬರ್, ಅಂದರೆ ಕಾರಿನ ಚೌಕಟ್ಟಿನ ಮೇಲೆ ಹೊಡೆದ ಗುರುತಿನ ಸಂಖ್ಯೆ, 2935. ಮೊದಲು ನಟ ಜೆರಾರ್ ಬ್ಲಾನ್ ಅವರದ್ದು, ನಂತರ ನಟ ಅಲೆನ್ ಡೆಲೋನ್ ಅವರದ್ದು. ಡೆಲೋನ್ ಇದೇ ಕಾರಿನಲ್ಲಿ ಜೇನ್ ಫೊಂಡಾ ಜೊತೆ ಇರುವ ಫೋಟೊಗಳಿವೆ. 1971ರಲ್ಲಿ ಅದು ಬಯೋನ್ ಕೈಸೇರಿತು.

2015ರ ಫೆಬ್ರವರಿ 6ರಂದು ಪ್ಯಾರಿಸ್‌ನಲ್ಲಿ ಹರಾಜು ನಡೆಯಿತು. ಫೆರಾರಿಗೆ ಅಂದಾಜಿಸಿದ್ದು ಹೆಚ್ಚೆಂದರೆ 1.2 ಕೋಟಿ ಯೂರೊ. ಹೋಗಿದ್ದು ಸುಮಾರು 1.63 ಕೋಟಿ ಯೂರೊಗೆ. ಧೂಳನ್ನೂ ಒರೆಸಿರಲಿಲ್ಲ.

ಪತ್ರಿಕೆಗಳು ಅಲ್ಲಿಗೇ ನಿಲ್ಲಿಸಿದವು. ನಾನು ಗ್ರಾಹಕರಿಗೆ ಮುಂದಿನ ಲೆಕ್ಕವನ್ನೂ ಹೇಳುತ್ತೇನೆ. ಆ ದಿನ ಈ ಸಂಗ್ರಹದ 59 ಕಾರುಗಳಿಂದ ಬಂದ ಒಟ್ಟು ಹಣ 2.51 ಕೋಟಿ ಯೂರೊ ಚಿಲ್ಲರೆ. ಅದರಲ್ಲಿ ಮೂರನೇ ಎರಡು ಪಾಲು ಹತ್ತಿರ ಹತ್ತಿರ ಆ ಒಂದೇ ಫೆರಾರಿಯದ್ದು. ಇನ್ನೊಂದು 20 ಲಕ್ಷ ಯೂರೊ ಒಂದು ಮಸೆರಾಟಿಯದ್ದು, 17 ಲಕ್ಷದಷ್ಟು ಇನ್ನೊಂದು ತಾಲ್ಬೊ ಲಾಗೊದ್ದು. ಮಿಕ್ಕಿದ್ದನ್ನು ಉಳಿದ ಕಾರುಗಳಿಗೆ ಹಂಚಿ ನೋಡಿ, ಸರಾಸರಿ ಒಂದು ಲಕ್ಷ ಯೂರೊ ಕೂಡ ಬೀಳುವುದಿಲ್ಲ. ಎಲ್ಲದರ ಮೇಲೂ ಅದೇ ತೋಟದ ಧೂಳೇ ಇತ್ತು. ಧೂಳಿಗೇ ಬೆಲೆ ಇದ್ದಿದ್ದರೆ ಎಲ್ಲಕ್ಕೂ ಬರಬೇಕಿತ್ತು. ಫೆರಾರಿಗೆ ಬಂದದ್ದು ಅದು ಅಪರೂಪದ್ದು ಅನ್ನೋದಕ್ಕೆ, ಒಳಗೆ ನಿಂತು ಉಳಿದದ್ದಕ್ಕೆ, ಮತ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ತೋರಿಸಲು ಸಾಧ್ಯ ಇದ್ದದ್ದಕ್ಕೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಒಂದು ಗ್ಯಾರೇಜಿನಲ್ಲೂ ಹೀಗೇ ಒಂದು ಕಾರು ಸಿಕ್ಕಿತು. ರೇಸ್‌ಗಳಿಂದ ಹೆಸರಾಗಿದ್ದ ಅರ್ಲ್ ಹೌ 1937ರಲ್ಲಿ ಹೊಸದಾಗಿ ಕೊಂಡಿದ್ದ ಬುಗಾಟಿ 57ಎಸ್ ಅಟಲಾಂಟ್ ಅದು. 1955ರಲ್ಲಿ ಒಬ್ಬ ಮೂಳೆ ಡಾಕ್ಟರು ಕೊಂಡರು. ಕೆಲವು ವರ್ಷ ಓಡಿಸಿ, 1960ರ ದಶಕದ ಶುರುವಿನಲ್ಲಿ ಗ್ಯಾರೇಜಿಗೆ ಸೇರಿಸಿ ಬೀಗ ಹಾಕಿದರು. 2007ರಲ್ಲಿ ಅವರು ತೀರಿಕೊಳ್ಳುವ ತನಕ ಅಲ್ಲೇ ಇತ್ತು. 2009ರಲ್ಲಿ ಪ್ಯಾರಿಸ್‌ನ ಬೋನಮ್ಸ್ ಹರಾಜಿನಲ್ಲಿ ಸುಮಾರು 34 ಲಕ್ಷ ಯೂರೊ ಬಂತು. ‘ಅರ್ಧ ಶತಮಾನ ಕಳೆದುಹೋಗಿದ್ದ ಕಾರು’ ಅಂತ ಸುದ್ದಿಯಾಯಿತು. ಆದರೆ ಅದು ಅಲ್ಲಿದೆ ಎಂದು ಬೆರಳೆಣಿಕೆಯ ಜನರಿಗೆ ವರ್ಷಗಳಿಂದ ಗೊತ್ತಿತ್ತು, ತಾವೂ ಅವರಲ್ಲೊಬ್ಬರು, ಬಾಯಿಬಿಡಲಿಲ್ಲ ಅಷ್ಟೇ ಎಂದು ಹರಾಜು ಸಂಸ್ಥೆಯವರೇ ಆಗ ಹೇಳಿದ್ದರು. ನಿಜವಾಗಿ ಬಲ್ಲವರು ಹಾಗೇ ಇರುತ್ತಾರೆ. ಮಾಲೀಕರಿಗೆ ಇಷ್ಟವಿಲ್ಲದಿದ್ದರೆ ಸುಮ್ಮನಿರುತ್ತಾರೆ. ಈ ವೃತ್ತಿಯಲ್ಲಿ ನನಗೆ ತುಂಬಾ ಗೌರವ ಇರುವ ಗುಣ ಅದು.

ನಂಬಿಕೆ ಇಡಬಹುದಾದ ಸುದ್ದಿಗೆ ಇನ್ನೊಂದು ಗುರುತಿದೆ. ಅದರಲ್ಲಿ ನಂಬರ್ ಇರುತ್ತದೆ. ಬುಗಾಟಿಯದೇ ಇನ್ನೊಂದು ಮಾದರಿ ಅಟ್ಲಾಂಟಿಕ್ ತಯಾರಾಗಿದ್ದು ನಾಲ್ಕೇ. ಅದರಲ್ಲಿ ಕಂಪನಿ ಕಟ್ಟಿದವರ ಮಗ ಜೀನ್ ಬುಗಾಟಿ ಬಳಸುತ್ತಿದ್ದ ಕಪ್ಪು ಕಾರು ಎರಡನೇ ಮಹಾಯುದ್ಧದ ಗಲಾಟೆಯಲ್ಲಿ ಕಣ್ಮರೆಯಾಯಿತು. ಫ್ರಾನ್ಸಿನ ಬೋರ್ದೊ ನಗರಕ್ಕೆ ಸಾಗಿಸಬೇಕಾದ ಕಾರುಗಳಲ್ಲಿ ಅದೂ ಇತ್ತು ಎಂಬಲ್ಲಿಗೆ ಜಾಡು ನಿಲ್ಲುತ್ತದೆ. ಅದಕ್ಕಾಗಿ ಇಂದಿಗೂ ಹುಡುಕುವವರಿದ್ದಾರೆ. ಅವರನ್ನು ಹುಚ್ಚರು ಅನ್ನಬಾರದು, ಯಾಕೆಂದರೆ ಅವರ ಕೈಯಲ್ಲಿ ಒಂದು ಚಾಸಿಸ್ ನಂಬರ್ ಇದೆ: 57453. ಎಲ್ಲೋ ಒಂದು ಮುರುಕಲು ಸಿಕ್ಕರೂ ತಾಳೆ ನೋಡಬಹುದು.

ನಮ್ಮ ಕಡೆಗೆ ಬರೋಣ. ಕಾಫಿ ತೋಟಗಳಲ್ಲಿ, ಹಳೆ ಜಮೀನುದಾರರ ಮನೆಗಳಲ್ಲಿ, ಮೈಸೂರು ಬೆಂಗಳೂರಿನ ಹಳೆ ಬಂಗಲೆಗಳ ಹಿತ್ತಲಲ್ಲಿ ಕಾರುಗಳು ಈಗಲೂ ಇವೆ. ರೋಲ್ಸ್ ರಾಯ್ಸ್ ಅಂತ ಹೇಳಿ ಕರೆದಲ್ಲಿ ನನಗೆ ಸಾಮಾನ್ಯವಾಗಿ ಕಾಣುವುದು ಆಸ್ಟಿನ್, ಮಾರಿಸ್, ಹಿಲ್‌ಮನ್. ಕರೆದವರ ಮುಖ ಸಪ್ಪಗಾಗುತ್ತದೆ. ನನಗೆ ಹಾಗಾಗುವುದಿಲ್ಲ. ಮನೆಯ ಮಕ್ಕಳು ಸ್ಕೂಲಿಗೆ ಹೋದ, ಮದುವೆ ದಿಬ್ಬಣ ಹೊರಟ ಆಸ್ಟಿನ್ ಒಂದು ಉಳಿದಿದೆ ಅಂದರೆ ಅದೂ ದೊಡ್ಡ ವಿಷಯವೇ.

ಹೋದ ತಕ್ಷಣ ನಾನು ನೋಡುವುದು ನೆಲವನ್ನು. ಮಣ್ಣು ನೆಲವಾದರೆ ಮಳೆಗಾಲದ ತೇವ ಕೆಳಗಿನಿಂದ ಏರುತ್ತದೆ. ಮೇಲೆ ಹೊಳೆಯುವ ಪೇಂಟ್ ಇದ್ದರೂ ಬಾಗಿಲ ಕೆಳಗಿನ ಪಟ್ಟಿ, ಫ್ಲೋರು, ಚಾಸಿಸ್ ಮೂಲೆಗಳು ತುಕ್ಕು ತಿಂದಿರುತ್ತವೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗೊತ್ತಾಗುತ್ತದೆ. ಗಟ್ಟಿ ತಗಡು ಟಣ್ ಅನ್ನುತ್ತದೆ, ಒಳಗೆ ಹೋದದ್ದು ಧಪ್ ಅನ್ನುತ್ತದೆ. 1930ರ ದಶಕದ ಎಷ್ಟೋ ಕಾರುಗಳ ಬಾಡಿಯೊಳಗೆ ಮರದ ಚೌಕಟ್ಟು ಇರುತ್ತದೆ. ಮಲೆನಾಡಿನಲ್ಲಿ ಅದಕ್ಕೆ ಗೆದ್ದಲು ಬಿದ್ದಿರುತ್ತದೆ. ಬಾಗಿಲು ತೆಗೆದ ಕೂಡಲೇ ಕೆಳಗೆ ಜೋತುಬಿದ್ದರೆ ಹಿಂಜಸ್ ಸಡಿಲವಾಗಿದೆ ಅಂದುಕೊಳ್ಳಬೇಡಿ, ಹಿಂಜಸ್ ಹಿಡಿದಿದ್ದ ಮರವೇ ಇರುವುದಿಲ್ಲ. ವೈರಿಂಗ್ ಇಲಿಗಳ ಪಾಲು. ಎಲ್ಲಕ್ಕಿಂತ ಹಾಳು ಮಾಡುವುದು ಪ್ಲಾಸ್ಟಿಕ್ ಟಾರ್ಪಾಲು. ಕಾಪಾಡಲಿ ಅಂತ ಹೊದೆಸಿರುತ್ತಾರೆ, ಅದು ಒಳಗಿನ ತೇವವನ್ನು ಹೊರಗೆ ಬಿಡುವುದೇ ಇಲ್ಲ. ಹತ್ತಿ ಬಟ್ಟೆ ಎಷ್ಟೋ ವಾಸಿ.

ಆಮೇಲೆ ನಂಬರ್. ಇದಕ್ಕೆ ನಾನು ಅವಸರ ಮಾಡುವುದಿಲ್ಲ. ಚಾಸಿಸ್ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳು ಕಾಗದ ಅಂಟಿಸಿ, ಆರ್‌ಟಿಒದವರು ಮಾಡುವ ಹಾಗೆ ಪೆನ್ಸಿಲ್ ಪ್ರಿಂಟ್ ತೆಗೆಯುತ್ತೇನೆ. ಕಣ್ಣಿಗೆ ಕಾಣದ್ದು ಆ ಕಾಗದದಲ್ಲಿ ಕಾಣುತ್ತದೆ. ಕೈಯಲ್ಲಿ ಪಂಚ್ ಹೊಡೆದ ಹಳೆ ಅಂಕಿಗಳು ಒಂದೇ ಗೆರೆಯಲ್ಲಿ ಇರದಿರಬಹುದು, ಅದು ಸಹಜ. ಆದರೆ ಅಂಕಿಗಳ ಸುತ್ತ ಗ್ರೈಂಡರ್ ಹಿಡಿದ ಗೀಚು ಬಂದರೆ ಯಾರೋ ಹಳೆ ನಂಬರ್ ಅಳಿಸಿ ಹೊಸದು ಹೊಡೆದಿದ್ದಾರೆ ಅಂತಲೇ ಸಂಶಯ ಪಡಬೇಕು. ನಂಬರ್ ಪಟ್ಟಿಯ ರಿವೆಟ್‌ಗಳನ್ನೂ ನೋಡಬೇಕು. ಸುತ್ತಲೂ ತುಕ್ಕು ಇದ್ದು ರಿವೆಟ್ ಮಾತ್ರ ಹೊಸದಾಗಿ ಹೊಳೆದರೆ ಪಟ್ಟಿ ಬೇರೆ ಗಾಡಿಯಿಂದ ಬಂದಿರಬಹುದು. ಈಗ ಧೂಳನ್ನೂ ಮಾರುವ ಕಾಲ. ಬೇರೆ ಬೇರೆ ಗಾಡಿಗಳ ಭಾಗ ಜೋಡಿಸಿ, ಮಣ್ಣು ಎರಚಿ, ‘ಕೊಟ್ಟಿಗೆಯಲ್ಲಿ ಸಿಕ್ಕಿದ್ದು’ ಅಂತ ಮಾರುವವರಿದ್ದಾರೆ. ನಿಜವಾದ ಧೂಳು ಬಾನೆಟ್ ಮೇಲೆ ಮಾತ್ರ ಕೂರುವುದಿಲ್ಲ, ಡಿಕ್ಕಿಯ ರಬ್ಬರ್ ಸಂದಿಯಲ್ಲೂ ಡ್ಯಾಶ್‌ಬೋರ್ಡಿನ ಗಡಿಯಾರದ ಗಾಜಿನ ಒಳಗೂ ಇರುತ್ತದೆ.

ನಿಮ್ಮ ಮನೆಯಲ್ಲೇ ಇಂಥ ಕಾರಿದ್ದರೆ ನನ್ನದೊಂದು ವಿನಂತಿ. ತೊಳೆಯಬೇಡಿ, ಸ್ಟಾರ್ಟ್ ಮಾಡಬೇಡಿ. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯೋಣ ಅನ್ನುವ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ ವರ್ಷಗಟ್ಟಲೆ ನಿಂತ ಎಂಜಿನ್ನಿನ ಬೋರು, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಒಣಗಿರುತ್ತದೆ, ಪಿಸ್ಟನ್ ರಿಂಗುಗಳು ಕಚ್ಚಿಕೊಂಡಿರುತ್ತವೆ. ಟ್ಯಾಂಕಿನ ಪೆಟ್ರೋಲು ಅಂಟಾಗಿರುತ್ತದೆ. ಬ್ರೇಕ್ ಆಯಿಲ್ ನೀರು ಹೀರಿಕೊಂಡು ಬ್ರೇಕಿನ ಸಿಲಿಂಡರ್‌ಗಳನ್ನು ಜಾಮ್ ಮಾಡಿರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಸ್ವಲ್ಪ ಆಯಿಲ್ ಬಿಟ್ಟು, ಕೆಲವು ದಿನ ಹಾಗೇ ಬಿಟ್ಟು, ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ತಿರುಗದಿದ್ದರೆ ಬಲವಂತ ಬೇಡ.

ಎಲ್ಲವನ್ನೂ ಹೊಸದು ಮಾಡಲೇಬೇಕು ಅಂತಲೂ ಇಲ್ಲ. ಇಟಲಿ, ಸ್ವಿಟ್ಜರ್ಲೆಂಡ್ ಗಡಿಯ ಮಜೋರೆ ಸರೋವರದ ತಳದಲ್ಲಿ ದಶಕಗಟ್ಟಲೆ ಬಿದ್ದಿದ್ದ ಬುಗಾಟಿ ಬ್ರೆಸಿಯಾ ಕಾರನ್ನು 2009ರಲ್ಲಿ ಮೇಲೆತ್ತಿದರು. ಮುಂದಿನ ವರ್ಷ ಹರಾಜಿನಲ್ಲಿ 2,60,500 ಯೂರೊ ಬಂತು. ಕೊಂಡ ಅಮೆರಿಕದ ಸಂಗ್ರಾಹಕ ಪೀಟರ್ ಮಲಿನ್ ತುಕ್ಕಿನ ಒಂದು ಚೂರನ್ನೂ ಕೆರೆಸದೆ ಮ್ಯೂಸಿಯಂನಲ್ಲಿಟ್ಟರು. ಸರಿಯಾದ ನಿರ್ಧಾರ ಅದು. ಪೇಂಟ್ ಹೊಡೆದಿದ್ದರೆ ಅದು ಇನ್ನೊಂದು ಬ್ರೆಸಿಯಾ ಆಗುತ್ತಿತ್ತು.

ಕೊನೆಗೆ ಕಾಗದ ಪತ್ರ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ, ಸೀಟಿನ ಕೆಳಗೆ, ಅಜ್ಜನ ಟ್ರಂಕಿನಲ್ಲಿ ಹುಡುಕಿ. ಹಳೆ ಆರ್‌ಸಿ ಪುಸ್ತಕ, ಟ್ಯಾಕ್ಸ್ ಕಟ್ಟಿದ ರಸೀದಿ, ಇನ್ಷೂರೆನ್ಸ್ ಕಾಗದ, ಗ್ಯಾರೇಜಿನ ಬಿಲ್ಲು, ಕಾರಿನ ಮುಂದೆ ಮನೆಯವರು ನಿಂತು ತೆಗೆಸಿಕೊಂಡ ಫೋಟೊ, ಯಾವುದನ್ನೂ ಬಿಸಾಕಬೇಡಿ. ಆರ್‌ಸಿ ಸಿಗದಿದ್ದರೆ ನಂಬರ್ ಕೊಟ್ಟು ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಅವರ ದಾಖಲೆಯಲ್ಲಿರುವ ನೋಂದಣಿ ವಿವರದ ಪ್ರತಿ, ಕೇಳಿ. ಹಳೆ ಲೆಡ್ಜರು ಹುಡುಕಿಸಬೇಕಾದೀತು, ತಾಳ್ಮೆ ಇರಲಿ. ಕಾರು ತೀರಿಕೊಂಡವರ ಹೆಸರಿನಲ್ಲಿದ್ದರೆ ವಾರಸುದಾರರೆಲ್ಲ ಮೊದಲು ಕೂತು ಮಾತಾಡಿಕೊಳ್ಳಿ. ಅಣ್ಣತಮ್ಮಂದಿರ ಒಪ್ಪಿಗೆ ಇಲ್ಲದ ಕಾರನ್ನು ನಾನು ಮುಟ್ಟುವುದಿಲ್ಲ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. ಗಾಡಿಗೆ 50 ವರ್ಷ ಮೀರಿರಬೇಕು, ಮೂಲ ರೂಪ ಉಳಿದಿರಬೇಕು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿದ್ದರೆ ಸಿಗುವುದಿಲ್ಲ. ನೋಂದಣಿ ಅರ್ಜಿ ಫಾರಂ 20, ಇನ್ಷೂರೆನ್ಸ್, ಹಳೆ ಆರ್‌ಸಿ ಕೊಡಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ 5,000. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸಲು ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೋ ಬಾಡಿಗೆಗೋ ಬಳಸುವಂತಿಲ್ಲ. ಹೊಸದಾಗಿ ನೋಂದಣಿಯಾದರೆ ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಮೊದಲೇ ನೋಂದಣಿಯಾಗಿದ್ದ ಗಾಡಿಯಾದರೆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಹಾಗಾಗಿ ಶೆಡ್ಡಿನ ಮೂಲೆಯಲ್ಲಿ ಮೈಸೂರು ರಾಜ್ಯದ ಕಾಲದ, ಎಂವೈ ಅಂತ ಶುರುವಾಗುವ ನಂಬರ್ ಪ್ಲೇಟ್ ಬಿದ್ದಿದ್ದರೆ ಅದನ್ನು ಗುಜರಿಯವನ ಗಾಡಿಗೆ ಹಾಕುವ ಮುಂಚೆ ನನಗೊಂದು ಫೋನ್ ಮಾಡಿ.