ಚೌಕದೊಳಗಿನ ಆ ಒಂದು ಅಂಕಿ

'ಕಂಟೇನರ್ ನಂಬರಿನ ಕೊನೆಯ ಅಂಕಿ ನಾವೇ ಹಾಕಿಕೊಂಡೆವು ಸಾರ್, ಮೊಬೈಲಲ್ಲೇ ಲೆಕ್ಕ ಬರ್ತದೆ.' ಈ ಮಾತು ಕೇಳಿದಾಗಲೆಲ್ಲ ನನಗೆ ತಲೆಬಿಸಿ ಆಗುತ್ತದೆ.

ಪಣಂಬೂರು ಬಂದರಿನಿಂದ ಗೋಡಂಬಿ, ಕಾಫಿ ಕಳಿಸುವವರ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕಂಟೇನರಿನ ಬಾಗಿಲ ಮೇಲೆ ಬರೆದಿರುವ ನಂಬರ್ ಎಂದರೆ ನಾಲ್ಕು ಅಕ್ಷರ, ಆರು ಅಂಕಿ, ಪಕ್ಕದಲ್ಲಿ ಸಣ್ಣ ಚೌಕದೊಳಗೆ ಇನ್ನೊಂದು ಅಂಕಿ. ಚೌಕ ಇರುವುದರಿಂದಲೋ ಏನೋ, ಅದು ನಂಬರಿಗೆ ಸೇರಿದ್ದಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಆರು ಅಂಕಿ ಮಾತ್ರ ಬರೆದು ಕಳಿಸುತ್ತಾರೆ. ಕಂಪ್ಯೂಟರ್ ಏಳನೆಯದನ್ನು ಕೇಳಿದಾಗ ಲೆಕ್ಕ ಹಾಕಿ ತುಂಬಿಸಿಬಿಡುತ್ತಾರೆ.

ಆ ಅಂಕಿ ಇರುವುದೇ ಉಳಿದವನ್ನು ಓದುವಾಗ ತಪ್ಪಾಯಿತಾ ಎಂದು ಹೇಳುವುದಕ್ಕೆ. ಈ ಉದಾಹರಣೆ ನೋಡಿ: ಸಿಎಸ್‌ಕ್ಯೂಯು 305438, ಚೌಕದಲ್ಲಿ 3. ಅಕ್ಷರಗಳಿಗೂ ಬೆಲೆ ಇದೆ. ಸಿ ಅಂದರೆ 13, ಎಸ್ 30, ಕ್ಯೂ 28, ಯು 32. ಮೊದಲನೆಯದನ್ನು 1ರಿಂದ, ಮುಂದಿನವನ್ನು 2, 4, 8 ಹೀಗೆ 512ರವರೆಗೆ ಗುಣಿಸಿ ಕೂಡಿಸಿದರೆ 6185. ಅದನ್ನು 11ರಿಂದ ಭಾಗಿಸಿ, ಶೇಷ 3. ಈಗ ಬರೆಯುವಾಗ 4 ಮತ್ತು 3 ಹಿಂದೆಮುಂದೆ ಆಗಿ 305348 ಆಯಿತು ಅಂದುಕೊಳ್ಳಿ. ಮೊತ್ತ 6313, ಶೇಷ 10. ಹತ್ತು ಬಂದರೆ 0 ಬರೆಯುವುದು ಪದ್ಧತಿ. ಬಾಗಿಲಿನಿಂದ ಓದಿದ 3 ನಮ್ಮ ಹತ್ತಿರ ಇದ್ದರೆ ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ಅದನ್ನು ಬಿಟ್ಟು, ತಪ್ಪಾದ ಆರು ಅಂಕಿಗೆ ನಾವೇ ಒಂದು 0 ತಯಾರಿಸಿ ಕೊಟ್ಟರೆ? ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸುಳ್ಳು ಸಾಕ್ಷಿಯನ್ನು ನಾವೇ ಕರೆತಂದ ಹಾಗಲ್ವಾ?

ಒಂದು ಮಳೆಗಾಲ ಹೀಗೇ ಆಯಿತು. ಕಾರ್ಕಳ ಕಡೆಯ ಗೋಡಂಬಿ. ಮಳೆಯಲ್ಲಿ ನೆನೆಯುತ್ತಾ ಡ್ರೈವರ್ ಫೋನಿನಲ್ಲಿ ನಂಬರ್ ಓದಿದ, ಫ್ಯಾಕ್ಟರಿಯ ಸೂಪರ್‌ವೈಸರ್ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಗೀಚಿಕೊಂಡರು. ಎರಡು ಅಂಕಿ ಅದಲುಬದಲು. ಏಳನೆಯದನ್ನು ಅವರ ಆಫೀಸಿನಲ್ಲಿ ಲೆಕ್ಕ ಹಾಕಿ ತುಂಬಿಸಿದರು. ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್, ತೂಕದ ಚೀಟಿ, ಗೇಟಿನ ಫಾರಂ, ಮೂರರಲ್ಲೂ ಅದೇ ತಪ್ಪು. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ಖಚಿತ ತೂಕ ತಿಳಿಸದೆ ಹಡಗಿಗೆ ಏರಿಸುವ ಹಾಗಿಲ್ಲ. ಆ ತೂಕವೂ ನಂಬರಿಗೇ ಅಂಟಿಕೊಂಡಿರುತ್ತದೆ. ಯಾರ್ಡಿನಲ್ಲಿ ಎಲ್ಲಿ ಇಡಬೇಕು, ಯಾವುದರ ಮೇಲೆ ಪೇರಿಸಬೇಕು ಎಂದು ತೀರ್ಮಾನಿಸುವವರಿಗೆ ಅದು ನಿಮ್ಮ ಗೋಡಂಬಿ ಅಂತ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿರುವುದು ನಂಬರ್ ಮಾತ್ರ.

ರಾತ್ರಿ ಗೇಟಿನಲ್ಲಿ ಬಾಗಿಲಿಗೆ ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯಿತು. ಲಾರಿಯನ್ನು ಬದಿಗೆ ಹಾಕಿಸಿದರು. ತಿದ್ದುಪಡಿ ಆಗುವಷ್ಟರಲ್ಲಿ ಕಟ್-ಆಫ್, ಅಂದರೆ ಆ ಹಡಗಿಗೆ ಕಂಟೇನರ್ ಒಳಗೆ ತರುವ ಗಡುವು, ಮುಗಿದಿತ್ತು, ಮಾಲು ಮುಂದಿನ ಹಡಗಿಗೆ ಹೋಯಿತು. ಡ್ರೈವರ್ ಎರಡು ರಾತ್ರಿ ಕ್ಯಾಬಿನ್ನಿನಲ್ಲೇ ಮಲಗಿದ್ದ. ಚಹಾ ಕೊಡಿಸಲು ಹೋದರೆ, 'ನಾನು ಸರಿಯಾಗಿಯೇ ಓದಿದೆ ಅಣ್ಣಾ' ಎಂದು ಮೂರು ಸಲ ಹೇಳಿದ. ಪಾಪ, ಅವನು ಓದಿದ್ದು ಸರಿಯೇ ಇತ್ತು. ಏಳನೆಯ ಅಂಕಿಯನ್ನೂ ಓದಿ ಹೇಳಿದ್ದನಂತೆ, ಬರೆದುಕೊಳ್ಳಲಿಲ್ಲ ಅಷ್ಟೇ.

ಏಳನೆಯ ಅಂಕಿ ಎಲ್ಲ ತಪ್ಪನ್ನೂ ಹಿಡಿಯುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಶೇಷ 0 ಬಂದರೂ 10 ಬಂದರೂ ಬರೆಯುವುದು 0 ಆದ್ದರಿಂದ ಕೆಲವು ತಪ್ಪು ನುಸುಳಬಹುದು. ಎರಡು ಮೂರು ಅಂಕಿ ಒಟ್ಟಿಗೆ ತಪ್ಪಿದರೂ ಅಷ್ಟೇ. ಅದಕ್ಕೇ ಬಲಬಾಗಿಲಿನ ಫೋಟೋ ಕೇಳುತ್ತೇನೆ. ನಂಬರ್ ಪೂರ್ತಿ ಬರಬೇಕು, ಚೌಕವೂ ಕಾಣಬೇಕು. ಸೀಲ್ ಹಾಕಿದ ಮೇಲೆ ಅದರ ನಂಬರಿನದೂ ಒಂದು ಇರಲಿ. ಲಾರಿ ಹೊರಡುವ ಮೊದಲೇ ಕಳಿಸಿ, ಸುರತ್ಕಲ್ ದಾಟಿದ ಮೇಲೆ ಬೇಡ.

ಆ ಸೂಪರ್‌ವೈಸರ್ ಈಗ ಮಳೆ ಬಂದರೆ ಬಾಗಿಲನ್ನು ಬಟ್ಟೆಯಲ್ಲಿ ಒರೆಸಿ ಫೋಟೋ ತೆಗೆಯುತ್ತಾರೆ. ಮೊನ್ನೆಯದರಲ್ಲಿ ಅವರ ಬೆರಳು ಆ ಚೌಕದ ಕೆಳಗೇ ಇತ್ತು.