ಕೆಟ್ಟು ನಿಂತಿದ್ದ ರೋಪ್‌ವೇ ಮತ್ತೆ ಓಡುತ್ತಿದೆ: ಹತ್ತಬಹುದೇ?

ದಾವಣಗೆರೆಯಿಂದ ಅಮೆರಿಕದ ಮಕ್ಕಳ ಮನೆಗೆ ಹೋದ ತಂದೆ–ತಾಯಂದಿರಲ್ಲಿ ಅನೇಕರು ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡಿಕೊಂಡೇ ಬರುತ್ತಾರೆ. ಅಲ್ಲಿ ಪಾರ್ಕು ಮತ್ತು ಹೋಟೆಲುಗಳ ನಡುವೆ ಜನರನ್ನು ಒಯ್ಯುವ ‘ಸ್ಕೈಲೈನರ್’ ಎಂಬ ರೋಪ್‌ವೇ ಇದೆ. 2019ರ ಸೆಪ್ಟೆಂಬರ್ 29ರಂದು ಅದು ಶುರುವಾಯಿತು. ವಾರ ತುಂಬುವಷ್ಟರಲ್ಲೇ, ಅಕ್ಟೋಬರ್ 5ರ ರಾತ್ರಿ ಕೆಟ್ಟು ನಿಂತಿತು. ನಿಲ್ದಾಣದಲ್ಲಿ ಕ್ಯಾಬಿನ್‌ಗಳು ಒಂದಕ್ಕೊಂದು ತಾಗಿ ನಿಂತ ಚಿತ್ರಗಳು ಹೊರಬಂದವು. ಮೇಲೆ ಸಿಕ್ಕಿಕೊಂಡವರಲ್ಲಿ ಕೆಲವರು ಮೂರು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಕೂರಬೇಕಾಯಿತು. ಅಕ್ಟೋಬರ್ 14ರಂದು ಮತ್ತೆ ಜನರನ್ನು ಹತ್ತಿಸಿಕೊಂಡಿತು. ಆಮೇಲೆ ಟೂರ್ ಹೊರಟವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಹತ್ತೋಣವೋ, ಬಸ್ಸಿಗೇ ಹೋಗೋಣವೋ? ರೋಪ್‌ವೇ ಇರುವ ಗುಜರಾತಿನ ಗಿರ್ನಾರ್ ಬೆಟ್ಟಕ್ಕೆ ಯಾತ್ರೆ ಹೊರಟ ನಮ್ಮೂರಿನ ಜೈನ ಕುಟುಂಬಗಳಿಗೂ ಈ ಪ್ರಶ್ನೆ ಬರುತ್ತದೆ. ದುಗ್ಗಮ್ಮನ ಜಾತ್ರೆಯಲ್ಲಿ ಜಾಯಿಂಟ್ ವೀಲ್ ಅರ್ಧಕ್ಕೆ ನಿಂತು ಮತ್ತೆ ತಿರುಗಿದಾಗ ಮಕ್ಕಳ ಕೈ ಹಿಡಿದು ನಿಂತ ತಾಯಂದಿರಿಗೂ ಬರುತ್ತದೆ.

‘ನಿಂತಿತ್ತಂತೆ’ ಎಂಬ ಒಂದು ಮಾತಿನ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ. ರೋಪ್‌ವೇಯಲ್ಲಿ ಇರುವ ಸುರಕ್ಷತಾ ಸಾಧನಗಳಲ್ಲಿ ಹೆಚ್ಚಿನವು ಅದನ್ನು ನಿಲ್ಲಿಸುವುದಕ್ಕೆಂದೇ ಇರುವಂಥವು. ನೀವು ತಿಳಿಯಬೇಕಾದ್ದು ಏಕೆ ನಿಂತಿತು, ಮತ್ತೆ ಓಡಿಸುವ ಮೊದಲು ಏನು ಮಾಡಿದರು ಎಂಬುದನ್ನು. ಇದಕ್ಕೆ ಯಂತ್ರದ ಪರಿಚಯ ಸ್ವಲ್ಪ ಬೇಕು.

ನಮ್ಮ ಭಾಗಕ್ಕೆ ರೋಪ್‌ವೇ ತೀರಾ ಹೊಸದೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ತಣಿಗೆಬೈಲಿನವರೆಗೆ ಹಗ್ಗದ ಮೇಲೆಯೇ ಇಳಿದು ಬರುತ್ತಿತ್ತು. ಇಂದು ಪ್ರಯಾಣಿಕರಿಗೆ ಹೆಚ್ಚಾಗಿ ಬಳಸುವುದು ಒಂದೇ ಹಗ್ಗದ ವ್ಯವಸ್ಥೆ. ಸುಮಾರು 40ರಿಂದ 55 ಮಿಲಿಮೀಟರ್ ದಪ್ಪದ ಉಕ್ಕಿನ ಹಗ್ಗ ಎರಡು ನಿಲ್ದಾಣಗಳ ನಡುವೆ ತುದಿಯಿಲ್ಲದೆ ಸುತ್ತುತ್ತಿರುತ್ತದೆ. ಕ್ಯಾಬಿನ್‌ಗಳ ಭಾರ ಹೊರುವುದೂ ಅದೇ, ಎಳೆಯುವುದೂ ಅದೇ. ಹಗ್ಗದ ಎರಡು ತುದಿಗಳನ್ನು ಎಳೆಎಳೆಯಾಗಿ ಬಿಚ್ಚಿ ಒಂದರೊಳಗೊಂದು ಹೆಣೆದು ಸೇರಿಸಿರುತ್ತಾರೆ. ಆ ಹೆಣಿಗೆಯ ಉದ್ದ ಹಗ್ಗದ ದಪ್ಪದ ಸುಮಾರು 1200 ಪಟ್ಟು. ಹಗ್ಗ 50 ಮಿಲಿಮೀಟರ್ ಇದ್ದರೆ ಹೆಣಿಗೆ 60 ಮೀಟರ್.

ಕ್ಯಾಬಿನ್ನಿನ ನೆತ್ತಿಯ ಮೇಲೆ ಗ್ರಿಪ್ ಇರುತ್ತದೆ. ಗಟ್ಟಿ ಸ್ಪ್ರಿಂಗ್‌ಗಳ ಬಲದಿಂದ ಅದು ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಕರೆಂಟ್ ಹೋದರೂ ಹಿಡಿತ ಬಿಡುವುದಿಲ್ಲ, ಏಕೆಂದರೆ ಹಿಡಿಯುವುದಕ್ಕೆ ಕರೆಂಟ್ ಬೇಕಿಲ್ಲ. ಬಿಡಿಸುವುದಕ್ಕೆ ನಿಲ್ದಾಣದ ಹಳಿ ಬಂದು ಅದರ ಸನ್ನೆಯನ್ನು ಒತ್ತಬೇಕು. ಹತ್ತು ಜನ ಕೂತ ಕ್ಯಾಬಿನ್ ಸುಮಾರು ಒಂದೂವರೆ ಟನ್ ತೂಗುತ್ತದೆ. ಅದು ಹಗ್ಗದ ಮೇಲೆ ಸೆಕೆಂಡಿಗೆ 5–6 ಮೀಟರ್ ವೇಗದಲ್ಲಿ ಬಂದು, ನಿಲ್ದಾಣದಲ್ಲಿ ಹಗ್ಗ ಬಿಟ್ಟು, ಸಾಲಾಗಿ ಜೋಡಿಸಿದ ಚಿಕ್ಕ ರಬ್ಬರ್ ಟಯರುಗಳ ಮೇಲೆ ಉಜ್ಜಿಕೊಂಡು ವೇಗ ಕಳೆದುಕೊಳ್ಳುತ್ತದೆ. ನೀವು ಹತ್ತುವಾಗ ಅದರ ವೇಗ ಸೆಕೆಂಡಿಗೆ ಕಾಲು ಮೀಟರ್‌ನಷ್ಟು ಮಾತ್ರ. ಹೊರಡುವಾಗ ಅವೇ ಟಯರುಗಳು ಅದನ್ನು ಹಗ್ಗದ ವೇಗಕ್ಕೆ ತಂದು ಸೇರಿಸುತ್ತವೆ. ಹೀಗೆ ಸೇರುವ ಜಾಗದಲ್ಲೇ ತೊಂದರೆಗಳು ಹೆಚ್ಚು. ಒಂದು ಟಯರಿನ ಗಾಳಿ ಇಳಿದರೆ, ಅದನ್ನು ತಿರುಗಿಸುವ ಬೆಲ್ಟ್ ಜಾರಿದರೆ, ಕ್ಯಾಬಿನ್ ತಡವಾಗುತ್ತದೆ, ಹಿಂದಿನದು ಅದರ ಬೆನ್ನಿಗೇ ಬರುತ್ತದೆ. ಅದಕ್ಕೆಂದೇ ನಿಲ್ದಾಣವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಗುರುತಿಸಿ, ಮುಂದಿನದು ಜಾಗ ಬಿಡುವ ಮೊದಲು ಹಿಂದಿನದು ಒಳಬಂದರೆ ಇಡೀ ಲೈನ್ ನಿಲ್ಲುವಂತೆ ಸೆನ್ಸರ್ ಇಟ್ಟಿರುತ್ತಾರೆ. ಪ್ರತಿ ಕ್ಯಾಬಿನ್ ಹೊರಡುವಾಗ ಗ್ರಿಪ್ಪಿನ ಸ್ಪ್ರಿಂಗ್ ಬಲವನ್ನೂ ಅಳೆಯುತ್ತಾರೆ. ಬಲ ಕಡಿಮೆ ಬಂದರೆ ಲೈನ್ ತಾನಾಗಿ ನಿಲ್ಲುತ್ತದೆ, ಆ ಕ್ಯಾಬಿನ್ನನ್ನು ಪಕ್ಕದ ಹಳಿಗೆ ಎಳೆದುಹಾಕುತ್ತಾರೆ.

ಕಂಬಗಳ ಮೇಲೆ ಇನ್ನೊಂದು ಕಾವಲು ಇದೆ. ಹಗ್ಗ ಗಾಲಿಗಳ ಸಾಲಿನ ಮೇಲೆ ಹಾಯುತ್ತದೆ. ಗಾಲಿಯ ಪಕ್ಕದಲ್ಲಿ ಸುಲಭವಾಗಿ ಮುರಿಯುವಂಥ ಕಡ್ಡಿಯೊಂದನ್ನು ಇಟ್ಟು, ಅದರೊಳಗೆ ಸುರಕ್ಷತಾ ತಂತಿ ಹಾಯಿಸಿರುತ್ತಾರೆ. ಹಗ್ಗ ಗಾಲಿಯಿಂದ ಜಾರಿದರೆ ಕಡ್ಡಿ ಮುರಿದು, ತಂತಿ ಕಡಿದು, ಬ್ರೇಕ್ ಬೀಳುತ್ತದೆ. ಜಾರಿದ ಹಗ್ಗ ಕೆಳಗೆ ಬೀಳದಂತೆ ಹಿಡಿಯುವ ಉಕ್ಕಿನ ತೊಟ್ಟಿಯೂ ಅಲ್ಲೇ ಇರುತ್ತದೆ.

ಗಾಳಿಯ ವಿಚಾರ ಚಿತ್ರದುರ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಜೋಗಿಮಟ್ಟಿಯ ಗುಡ್ಡಗಳ ಗಾಳಿಯಂತ್ರಗಳು ಪೂರ್ತಿ ವಿದ್ಯುತ್ ಕೊಡುವುದು ಸೆಕೆಂಡಿಗೆ 12–15 ಮೀಟರ್ ಗಾಳಿ ಬೀಸಿದಾಗ. ಒಂಟಿ ಹಗ್ಗದ ರೋಪ್‌ವೇಗೆ ಅಷ್ಟು ಹೊತ್ತಿಗೆ ವೇಗ ತಗ್ಗಿಸುವ ಯೋಚನೆ ಬರಬೇಕು. ಅದಕ್ಕಿಂತ ಸ್ವಲ್ಪ ಮೇಲೆ, ಗಂಟೆಗೆ 60–70 ಕಿಲೋಮೀಟರ್ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಓಡಾಟ ನಿಲ್ಲಿಸುತ್ತಾರೆ. ಅಡ್ಡಗಾಳಿಗೆ ತೂಗುವ ಕ್ಯಾಬಿನ್ ಕಂಬಕ್ಕೆ ತಾಗಬಹುದು ಎಂಬುದೇ ಭಯ. 2020ರ ಅಕ್ಟೋಬರ್‌ನಲ್ಲಿ ಶುರುವಾದ ಗಿರ್ನಾರ್ ರೋಪ್‌ವೇ ಗಾಳಿಗೆ ಆಗಾಗ ನಿಲ್ಲುತ್ತದೆ. ಅದನ್ನು ಯಾರೂ ‘ಕೆಟ್ಟುಹೋಯಿತು’ ಅನ್ನಬಾರದು. ಗಾಳಿ ಇಳಿದ ಮೇಲೆ ಧೈರ್ಯವಾಗಿ ಹತ್ತಿ. ಕರೆಂಟ್ ಹೋಗಿ ನಿಂತು, ಡೀಸೆಲ್ ಎಂಜಿನ್‌ನಿಂದ ನಿಧಾನವಾಗಿ ಎಲ್ಲರನ್ನೂ ನಿಲ್ದಾಣಕ್ಕೆ ತಂದು ಇಳಿಸಿದ್ದರೆ, ಅದು ವ್ಯವಸ್ಥೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ. ಗಾಲಿಕುರ್ಚಿಯವರನ್ನು ಹತ್ತಿಸಲು ಅರ್ಧ ನಿಮಿಷ ನಿಂತದ್ದಂತೂ ಲೆಕ್ಕಕ್ಕೇ ಇಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. 2021ರ ಮೇ 23ರಂದು ಇಟಲಿಯ ಮೊತ್ತರೋನೆ ಬೆಟ್ಟದ ರೋಪ್‌ವೇಯಲ್ಲಿ ಎಳೆಯುವ ಹಗ್ಗ ಮೇಲಿನ ನಿಲ್ದಾಣದ ಹತ್ತಿರ ತುಂಡಾಯಿತು. ಕ್ಯಾಬಿನ್ ಹಿಂದಕ್ಕೆ ಜಾರಿ, ಕಂಬದ ಬಳಿ ಕಳಚಿ ಬಿದ್ದು 14 ಜನ ಸತ್ತರು. ಪುಟ್ಟ ಹುಡುಗನೊಬ್ಬ ಮಾತ್ರ ಉಳಿದ. ಆ ರೋಪ್‌ವೇ ಬೇರೆ ಬಗೆಯದು: ಭಾರ ಹೊರುವ ಹಗ್ಗ ಒಂದು, ಎಳೆಯುವ ಹಗ್ಗ ಇನ್ನೊಂದು. ಎಳೆಯುವ ಹಗ್ಗ ಹೋದರೂ ಹೊರುವ ಹಗ್ಗವನ್ನು ಕಚ್ಚಿ ನಿಲ್ಲಿಸುವ ತುರ್ತು ಬ್ರೇಕ್ ಅಲ್ಲಿತ್ತು. ಆ ಬ್ರೇಕ್ ಮತ್ತೆ ಮತ್ತೆ ಕಾರಣವಿಲ್ಲದೆ ಬಿದ್ದು ಓಡಾಟ ನಿಲ್ಲುತ್ತಿತ್ತು ಎಂದು, ಅದು ಬೀಳದಂತೆ ಉಕ್ಕಿನ ಕವೆಗೋಲು ಸಿಕ್ಕಿಸಿಟ್ಟಿದ್ದರು. ದೋಷ ಹುಡುಕಿ ಸರಿಪಡಿಸಲು ಲೈನ್ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಒಂಟಿ ಹಗ್ಗದ ರೋಪ್‌ವೇಯಲ್ಲಿ ಅಂಥ ಎರಡನೆಯ ಹಗ್ಗವೇ ಇಲ್ಲದ ಕಾರಣ ಹಗ್ಗದ ತಪಾಸಣೆ ಇನ್ನೂ ಕಟ್ಟುನಿಟ್ಟಾಗಿರಬೇಕು. ಅಯಸ್ಕಾಂತದ ಉಪಕರಣದೊಳಗೆ ಹಗ್ಗವನ್ನು ಹಾಯಿಸಿ, ಕಣ್ಣಿಗೆ ಕಾಣದ ಒಳಗಿನ ತಂತಿಗಳು ಎಲ್ಲಿ ಕಡಿದಿವೆ ಎಂದು ಪತ್ತೆ ಮಾಡುತ್ತಾರೆ.

ಹಾಗಾಗಿ ನಿಲ್ದಾಣದ ಸಿಬ್ಬಂದಿಯನ್ನು ‘ಏನಾಗಿತ್ತು?’ ಎಂದು ಕೇಳಿ. ಸಂಕೋಚ ಬೇಡ, ಟಿಕೆಟ್ ಕೊಂಡವರಿಗೆ ಕೇಳುವ ಹಕ್ಕಿದೆ. ‘ಗಾಳಿ ಜಾಸ್ತಿ ಇತ್ತು’, ‘ಮೇನ್ ಸಪ್ಲೈ ಹೋಗಿತ್ತು’, ‘ಒಂದು ಕ್ಯಾಬಿನ್ನಿನ ಗ್ರಿಪ್ ಟೆಸ್ಟ್ ಫೇಲ್ ಆಯ್ತು, ತೆಗೆದಿಟ್ಟಿದೀವಿ’ ಎಂಬುವು ಒಳ್ಳೆಯ ಉತ್ತರಗಳು. ‘ಸೆನ್ಸರ್ ಪ್ರಾಬ್ಲಂ ಸಾರ್, ರೀಸೆಟ್ ಮಾಡಿದ್ವಿ’ ಎಂದರೆ ಇನ್ನೊಂದು ಪ್ರಶ್ನೆ ಹಾಕಿ: ಇವತ್ತು ಎಷ್ಟನೇ ಸಲ? ಮೊದಲ ಸಲವಾದರೆ ಸರಿ. ಒಂದೇ ದೋಷಕ್ಕೆ ಅದೇ ದಿನ ಮೂರನೇ ಸಲ ನಿಂತು ಎದ್ದಿದ್ದರೆ ನಾನಾಗಿದ್ದರೆ ಹತ್ತುವುದಿಲ್ಲ, ನಿಮಗೂ ಹತ್ತಿ ಎನ್ನುವುದಿಲ್ಲ. ಕಿರಿಕಿರಿಯಾದ ಸೆನ್ಸರನ್ನು ತಂತಿ ಸೇರಿಸಿ ಬಾಯಿ ಮುಚ್ಚಿಸುವ ಆಸೆ ಹುಟ್ಟುವುದು ಇಂಥ ದಿನಗಳಲ್ಲೇ.

ಮತ್ತೆ ಓಡಿಸುವ ರೀತಿಯನ್ನೂ ನೋಡಿ. ಯಂತ್ರಭಾಗದ ದೋಷ ಸರಿಪಡಿಸಿದ ಮೇಲೆ ಜನರಿಲ್ಲದೆ ಕನಿಷ್ಠ ಒಂದು ಪೂರ್ತಿ ಸುತ್ತು ಓಡಿಸಬೇಕು. ಉದಾಹರಣೆಗೆ, 2.3 ಕಿಲೋಮೀಟರ್ ಉದ್ದದ ಲೈನಿನಲ್ಲಿ ಹಗ್ಗದ ಸುತ್ತು 4.6 ಕಿಲೋಮೀಟರ್. ಸೆಕೆಂಡಿಗೆ 5 ಮೀಟರ್‌ನಂತೆ ಹದಿನೈದು ನಿಮಿಷ ಬೇಕು. ನೋಡುತ್ತ ನಿಧಾನವಾಗಿ ಸೆಕೆಂಡಿಗೆ 1 ಮೀಟರ್‌ನಂತೆ ಓಡಿಸಿದರೆ ಒಂದೂಕಾಲು ಗಂಟೆ ದಾಟುತ್ತದೆ. ಖಾಲಿ ಕ್ಯಾಬಿನ್‌ಗಳು ಸಾಲಾಗಿ ಬಂದು ಹೋಗುತ್ತಿವೆ, ಸಿಬ್ಬಂದಿ ಕಂಬ ಹತ್ತಿ ಇಳಿಯುತ್ತಿದ್ದಾರೆ, ಕ್ಯೂ ಗೊಣಗುತ್ತಿದೆ ಎಂದರೆ ಕೆಲಸ ಕ್ರಮವಾಗಿ ನಡೆಯುತ್ತಿದೆ. ‘ಯಂತ್ರ ಕೆಟ್ಟಿತ್ತು’ ಎಂದು ಹೇಳಿದ ಐದು ನಿಮಿಷಕ್ಕೇ ಜನರನ್ನು ತುಂಬತೊಡಗಿದರೆ ಪಕ್ಕಕ್ಕೆ ಸರಿದು ನಿಲ್ಲಿ. ಹಗ್ಗ ಗಾಲಿಯಿಂದ ಜಾರಿತ್ತು ಎಂದಾದರೆ ಅದೇ ದಿನ ಹತ್ತುವ ಮಾತೇ ಬೇಡ. ಜಾರಿದ ಭಾಗದ ತಂತಿಗಳು, ಗಾಲಿಯ ರಬ್ಬರ್, ಬೇರಿಂಗ್ ಎಲ್ಲವನ್ನೂ ನೋಡಬೇಕಾಗುತ್ತದೆ. ಸ್ಕೈಲೈನರ್ ಒಂಬತ್ತು ದಿನ ಮುಚ್ಚಿತ್ತು. ತಯಾರಕರೊಡನೆ ಕಾರಣ ಪತ್ತೆ ಮಾಡಿ, ಕೆಲಸದ ಕ್ರಮ ಮತ್ತು ಸಿಬ್ಬಂದಿ ತರಬೇತಿಯನ್ನು ಬದಲಿಸುತ್ತಿರುವುದಾಗಿ, ಮೇಲಿರುವ ಜನರಿಗೆ ಮಾಹಿತಿ ಕೊಡುವ ರೀತಿಯನ್ನು ಸುಧಾರಿಸುತ್ತಿರುವುದಾಗಿ ಪ್ರಕಟಿಸಿದ ಮೇಲೆಯೇ ತೆರೆದರು. ಹೀಗೆ ತೆರೆದದ್ದನ್ನು ಹತ್ತಲು ಹಿಂಜರಿಯಬೇಕಿಲ್ಲ.

ಕಿವಿಯೂ ಉಪಯೋಗಕ್ಕೆ ಬರುತ್ತದೆ. ಕಂಬ ದಾಟುವಾಗ ಗ್ರಿಪ್ ಗಾಲಿಗಳ ಮೇಲೆ ಹಾಯ್ದು ಗಡಗಡ ಎನ್ನುವುದು ಸಹಜ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರು ಬೇರಿಂಗ್ ಒಣಗಿದ ಕೀರಲು ದನಿಯನ್ನು ದೂರದಿಂದಲೇ ಗುರುತಿಸುತ್ತಾರೆ. ಅಂಥ ದನಿ ಒಂದೇ ಕಂಬದಿಂದ ಎಡೆಬಿಡದೆ ಬರುತ್ತಿದ್ದರೆ ಸಿಬ್ಬಂದಿಗೆ ಕಂಬದ ಸಂಖ್ಯೆ ಹೇಳಿ.

ಯಂತ್ರ ಸರಿಯಿದ್ದರೂ ನಿಮ್ಮ ಮೈ ಒಪ್ಪುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಮನೆಯವರು ಇದನ್ನೇ ಹೆಚ್ಚು ಮರೆಯುತ್ತಾರೆ. ಯಾವುದೇ ರೋಪ್‌ವೇ ಹತ್ತುವಾಗ ಮೂರು ಗಂಟೆ ಮೇಲೆ ಕೂರಬೇಕಾದೀತು ಎಂದೇ ಸಿದ್ಧರಾಗಿ; ಹಗ್ಗವನ್ನು ತಿರುಗಿಸಲಾಗದಿದ್ದರೆ ಎಲ್ಲರನ್ನೂ ಇಳಿಸಲು ರಕ್ಷಣಾ ಯೋಜನೆಗಳು ಇಟ್ಟುಕೊಳ್ಳುವ ಗುರಿಯೂ ಸುಮಾರು ಅಷ್ಟೇ. ಸ್ಕೈಲೈನರ್ ಕ್ಯಾಬಿನ್ನಿಗೆ ಎಸಿ ಇಲ್ಲ, ಕಿಂಡಿಗಳಿಂದ ಗಾಳಿ ಆಡುತ್ತದೆ. ಓಡುವಾಗ ತಂಪಾಗಿರುತ್ತದೆ, ನಿಂತಾಗ ಸೆಕೆ ಏರುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲು ಅಭ್ಯಾಸವಿದೆ ಎಂದು ಗಾಜಿನ ಕ್ಯಾಬಿನ್ನಿನ ಸೆಕೆಯನ್ನು ಹಗುರವಾಗಿ ಕಾಣಬೇಡಿ. ಹತ್ತುವ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ. ಒಬ್ಬೊಬ್ಬರಿಗೆ ಕುಡಿಯಲು ಅರ್ಧ ಲೀಟರ್ ನೀರು, ಸಕ್ಕರೆ ಕಾಯಿಲೆಯವರಿಗೆ ಮಾತ್ರೆಯ ಜೊತೆ ಬೆಲ್ಲ ಅಥವಾ ಬಿಸ್ಕತ್ತು, ಚಾರ್ಜ್ ಇರುವ ಫೋನು ಜೊತೆಗಿರಲಿ. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುವವರು, ಮೊನ್ನೆಯಷ್ಟೇ ಹೃದಯದ ಚಿಕಿತ್ಸೆ ಆದವರು ಬಸ್ಸಿನಲ್ಲೇ ಹೋಗಲಿ. ‘ಏನೂ ಆಗಲ್ಲ ಬಾಮ್ಮ’ ಎಂದು ಅಮ್ಮನನ್ನು ಎಳೆದುಕೊಂಡು ಹೋಗಬೇಡಿ. ಬೇಡ ಎಂದವರಿಗೆ ಬೇಡ.

ಒಳಗೆ ಕೂತ ಮೇಲೆ ಮೊದಲು ಕ್ಯಾಬಿನ್ನಿನ ಸಂಖ್ಯೆ ನೋಡಿಟ್ಟುಕೊಳ್ಳಿ. ಫೋನಿನಲ್ಲಿ ಸಹಾಯ ಕೇಳುವಾಗ ಬೇಕಾಗುವುದು ಅದೇ. ನಿಂತರೆ ಎರಡೂ ಕಡೆ ಸಮವಾಗಿ ಕೂರಿ, ತೂಗಾಡಿಸಬೇಡಿ, ಬಾಗಿಲಿಗೆ ಕೈ ಹಾಕಬೇಡಿ. ಇಳಿಸುವ ಪರಿಸ್ಥಿತಿ ಬಂದರೆ ರಕ್ಷಣಾ ಸಿಬ್ಬಂದಿ ಹಗ್ಗದ ಮೇಲಿಂದ ಚಾವಣಿಗೆ ಇಳಿದು, ಬಾಗಿಲನ್ನು ಹೊರಗಿನಿಂದ ತೆರೆದು, ಒಬ್ಬೊಬ್ಬರನ್ನೇ ಪಟ್ಟಿ ಕಟ್ಟಿ ಕೆಳಗೆ ಬಿಡುತ್ತಾರೆ. ಆ ಪಟ್ಟಿಯ ಒಂದು ತುದಿ ಕಾಲುಗಳ ನಡುವೆ ಹಾದು ಬರುತ್ತದೆ. ಸೀರೆ ಉಟ್ಟವರು ನೆರಿಗೆ ಎತ್ತಿಕೊಳ್ಳಬೇಕಾಗುತ್ತದೆ, ಆ ಹೊತ್ತಿನಲ್ಲಿ ನಾಚಿಕೆ ಬೇಡ. ಕೆಳಗೆ ನೆಲ ಹತ್ತಿರವಿರುವ ಕಡೆ ಇದು ಸರಾಗ. ಕಣಿವೆಯ ಮೇಲೆ ಕಷ್ಟ. 2022ರ ಏಪ್ರಿಲ್ 10ರಂದು ಜಾರ್ಖಂಡ್‌ನ ದೇವಘರ್ ಬಳಿಯ ತ್ರಿಕೂಟ ಬೆಟ್ಟದಲ್ಲಿ ರೋಪ್‌ವೇ ಸಿಕ್ಕಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ರಕ್ಷಣೆ ಮೂರನೇ ದಿನಕ್ಕೆ ಮುಗಿಯಿತು; ಸತ್ತ ಮೂವರಲ್ಲಿ ಇಬ್ಬರು ಮೇಲೆತ್ತುವಾಗ ಬಿದ್ದವರು. ಆದ್ದರಿಂದ ಆಳವಾದ ಕಣಿವೆ ದಾಟುವ ರೋಪ್‌ವೇ ಬಗ್ಗೆ ನನ್ನ ಅಳತೆಗೋಲು ಇನ್ನೂ ಬಿಗಿ: ಹಗ್ಗವನ್ನು ನಿಧಾನವಾಗಿಯಾದರೂ ತಿರುಗಿಸುವ ಎರಡನೇ ಎಂಜಿನ್ ಇದೆ ಎಂದು ಗೊತ್ತಾಗದೆ ಹತ್ತುವುದಿಲ್ಲ.

ಜಾತ್ರೆಯ ಜಾಯಿಂಟ್ ವೀಲ್‌ಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಟದ ಯಂತ್ರಗಳನ್ನು ಲಾರಿಯಲ್ಲಿ ತಂದು ಕೆಲವೇ ದಿನಗಳಲ್ಲಿ ಜೋಡಿಸಿ, ಮುಗಿದ ಮೇಲೆ ಬಿಚ್ಚುತ್ತಾರೆ. ಪ್ರತಿ ಜೋಡಣೆಯಲ್ಲೂ ನೂರಾರು ಪಿನ್ನುಗಳು, ಅವು ಜಾರದಂತೆ ಕ್ಲಿಪ್ಪುಗಳು. ಅಲ್ಲಿ ರೋಪ್‌ವೇಯಷ್ಟು ಸೆನ್ಸರ್‌ಗಳನ್ನು, ಎರಡನೇ ಎಂಜಿನ್ನನ್ನು ನಿರೀಕ್ಷಿಸುವಂತಿಲ್ಲ. ಅಂಥದ್ದು ಯಂತ್ರ ಕೆಟ್ಟು ನಿಂತರೆ ಆ ರಾತ್ರಿ ಮಕ್ಕಳನ್ನು ಹತ್ತಿಸಬೇಡಿ. ಮಾರನೇ ದಿನ ಹೋದಾಗ ಬುಡ ನೋಡಿ: ಕೆಳಗಿಟ್ಟ ಮರದ ದಿಮ್ಮಿಗಳು ಮಳೆಗೆ ಮಣ್ಣಲ್ಲಿ ಕುಸಿದು ಕಂಬ ವಾಲಿದೆಯೇ, ಜನರೇಟರ್‌ನಿಂದ ಬಂದ ವೈರಿನ ಜೋಡಣೆಯನ್ನು ಮುಚ್ಚದೆ ಬರಿದಾಗಿ ಬಿಟ್ಟಿದ್ದಾರೆಯೇ, ಅರ್ತಿಂಗ್ ಕೊಟ್ಟಿದ್ದಾರೆಯೇ. ತೊಟ್ಟಿಲಿನ ಅಡ್ಡಪಟ್ಟಿಗೆ ಪಿನ್ನಿನ ಬದಲು ಬೈಂಡಿಂಗ್ ವೈರ್ ಸುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಜನರನ್ನು ತುಂಬುವುದನ್ನೂ ಗಮನಿಸಿ. ತಿಳಿದ ಆಪರೇಟರ್ ಒಂದು ತೊಟ್ಟಿಲು ತುಂಬಿದ ಮೇಲೆ ಅರ್ಧ ಸುತ್ತು ತಿರುಗಿಸಿ ಎದುರಿನದನ್ನು ತುಂಬುತ್ತಾನೆ. ಅಕ್ಕಪಕ್ಕದವನ್ನೇ ಸಾಲಾಗಿ ತುಂಬಿದರೆ ಒಂದು ಕಡೆ ಭಾರ ಹೆಚ್ಚಿ, ಕರೆಂಟ್ ಹೋದಾಗ ಬ್ರೇಕ್ ಸಡಿಲಿಸಿದ ಕೂಡಲೇ ಚಕ್ರ ತಾನಾಗಿ ಭಾರದ ಕಡೆಗೆ ಓಡುತ್ತದೆ, ಕೈಯಲ್ಲಿ ಹಿಡಿದು ನಿಲ್ಲಿಸಲು ಆಗುವುದಿಲ್ಲ.