ವರ್ಷಗಟ್ಟಲೆ ಯುದ್ಧ ನಡೆಯುವ ಊರಲ್ಲಿ ಜನ ಹೇಗೆ ಬದುಕುತ್ತಾರೆ? ಬಿಟ್ಟು ಹೋಗಬಾರದಾ?

ಪ್ರಶ್ನೆ: ಟಿವಿಯಲ್ಲಿ ಯುದ್ಧದ ಸುದ್ದಿ ನೋಡುವಾಗೆಲ್ಲ ಒಂದೇ ಯೋಚನೆ ಬರುತ್ತದೆ. ವರ್ಷಗಟ್ಟಲೆ ಬಾಂಬ್ ಬೀಳುವ ಊರಲ್ಲಿ ನಮ್ಮಂಥ ಸಾಮಾನ್ಯ ಜನ ದಿನಾ ಏನು ಮಾಡುತ್ತಾರೆ? ಅಡುಗೆ, ಸ್ಕೂಲು, ಕೆಲಸ ಎಲ್ಲ ಹೇಗೆ ನಡೆಯುತ್ತದೆ? ಅಷ್ಟು ಕಷ್ಟ ಇದ್ದರೆ ಊರು ಬಿಟ್ಟು ಹೋಗಬಾರದಾ?

ಉತ್ತರ: ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಉತ್ತರವನ್ನು ಒಂದು ಸಾಲಿನಿಂದಲೇ ಶುರು ಮಾಡುತ್ತೇನೆ. ಬರೆಯುವ ಸಾಲಲ್ಲ, ಅಂಗಡಿ ಮುಂದೆ ಜನ ನಿಲ್ಲುವ ಸಾಲು.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಯುದ್ಧ ಶುರುವಾಗಿ ಅವತ್ತಿಗೆ ಆರನೇ ದಿನ. ಅವನು ಹೊರಗೆ ಹೋಗಿದ್ದು ಊಟದ ಸಾಮಾನು ತರೋದಕ್ಕೆ. ಆ ಸುದ್ದಿ ಕೇಳಿ ಇಡೀ ಕರ್ನಾಟಕ ಮರುಗಿತು. ಯುದ್ಧದಲ್ಲಿರುವ ಊರಿನವರು ಅದನ್ನು ಕೇಳಿದ್ದರೆ ಅವರಿಗೆ ತಕ್ಷಣ ಗುರುತು ಸಿಗುತ್ತಿತ್ತು. ಅಲ್ಲಿ ಎಷ್ಟೋ ಜನ ಸಾಯುವುದು ಹೀಗೇ, ಬ್ರೆಡ್ಡಿಗೋ ನೀರಿಗೋ ಅಂತ ಹೊರಗೆ ಹೋದಾಗ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳೋದಕ್ಕೆ ಯುರೋಪಿನ ಬೋಸ್ನಿಯಾ ದೇಶದ ರಾಜಧಾನಿ ಸರಾಯೆವೊಗೆ ಹೋಗಬೇಕು. 1992ರ ಏಪ್ರಿಲ್ 5ರಿಂದ 1996ರ ಫೆಬ್ರವರಿ 29ರವರೆಗೆ, 1,425 ದಿನ ಆ ನಗರ ಮುತ್ತಿಗೆಯಲ್ಲಿತ್ತು. ಊರು ಇರುವುದು ಉದ್ದನೆಯ ಕಣಿವೆಯಲ್ಲಿ. ನಡುವೆ ಮಿಲ್ಯಾಟ್ಸ್ಕಾ ಅನ್ನುವ ಸಣ್ಣ ನದಿ, ಸುತ್ತ ಬೆಟ್ಟ. ಆ ಬೆಟ್ಟಗಳ ಮೇಲೆ ಬೋಸ್ನಿಯನ್ ಸರ್ಬ್ ಸೇನೆ, ಅಂದರೆ ಬೋಸ್ನಿಯಾ ಬೇರೆ ದೇಶವಾಗುವುದನ್ನು ಒಪ್ಪದ ಅಲ್ಲಿನ ಸರ್ಬ್ ಜನಾಂಗದವರ ಸೇನೆ, ಫಿರಂಗಿ ಇಟ್ಟುಕೊಂಡು ಕೂತಿತ್ತು. ಕೆಳಗೆ ಮೂರು ಲಕ್ಷಕ್ಕೂ ಜಾಸ್ತಿ ಜನ. ಬಟ್ಟಲಿನ ತಳದಲ್ಲಿ ನೀವಿದ್ದೀರಿ, ಅಂಚಿನಲ್ಲಿ ಬಂದೂಕು ಹಿಡಿದವರು ಇದ್ದಾರೆ ಅಂದುಕೊಳ್ಳಿ.

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಯಾಕೆ ಬಿಟ್ಟು ಹೋಗಲಿಲ್ಲ?

ತುಂಬಾ ಜನರಿಗೆ ಇದು ಹೀಗೆ ವರ್ಷಗಟ್ಟಲೆ ನಡೆಯುತ್ತದೆ ಅಂತ ನಂಬಿಕೆಯೇ ಬರಲಿಲ್ಲ. ಮುತ್ತಿಗೆಗೆ ಎಂಟು ವರ್ಷ ಮೊದಲು, 1984ರಲ್ಲಿ ಅದೇ ಊರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಿತ್ತು. ಟ್ರಾಮ್ ಓಡುವ, ಸಿನಿಮಾ ನೋಡುವ, ಕಾಫಿ ಕುಡಿಯುತ್ತಾ ಗಂಟೆಗಟ್ಟಲೆ ಹರಟುವ ಊರು. ಎರಡು ವಾರ, ಹೆಚ್ಚೆಂದರೆ ಒಂದು ತಿಂಗಳು, ಆಮೇಲೆ ಸರಿಹೋಗುತ್ತದೆ ಅಂದುಕೊಂಡರು. ನಂಬುವ ಹೊತ್ತಿಗೆ ದಾರಿಗಳೆಲ್ಲ ಮುಚ್ಚಿದ್ದವು. ಶುರುವಿನಲ್ಲಿ ಕೆಲವು ಬಸ್ಸುಗಳಲ್ಲಿ ಹೆಂಗಸರು, ಮಕ್ಕಳು ಹೊರಗೆ ಹೋದರು. ಹೋರಾಡುವ ವಯಸ್ಸಿನ ಗಂಡಸರನ್ನು ಊರಿನ ಆಡಳಿತವೇ ಬಿಡುತ್ತಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ ಇದ್ದರೆ ಮಗಳು ಹೊರಡುವುದು ಹೇಗೆ? ಇನ್ನು, ಹೋಗಿ ಎಲ್ಲಿರುವುದು? ಬಿಟ್ಟುಹೋದ ಮನೆ ಮತ್ತೆ ಕೈಗೆ ಸಿಗುತ್ತದೆ ಅನ್ನುವ ಖಾತ್ರಿ ಯಾರಿಗೂ ಇರಲಿಲ್ಲ. "ಬಿಟ್ಟು ಹೋಗಬಾರದಾ" ಅಂತ ದೂರದಿಂದ ಕೇಳುವುದು ಸುಲಭ. ಅಲ್ಲಿದ್ದವರಿಗೆ ಅದು ಬಾಗಿಲು ತೆಗೆದು ನಡೆದಷ್ಟು ಸರಳ ಆಗಿರಲಿಲ್ಲ.

ಹಾಗಾದರೆ ದಿನಾ ಏನು ಮಾಡುತ್ತಿದ್ದರು? ಒಂದೇ ಮಾತಲ್ಲಿ ಹೇಳಬೇಕೆಂದರೆ, ಕೆಲಸ. ಯುದ್ಧ ಅಂದರೆ ನೆಲಮಾಳಿಗೆಯಲ್ಲಿ ಸುಮ್ನೆ ಕೂತು ಕಾಯುವುದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಬದುಕುವುದೇ ಇಡೀ ದಿನದ ದುಡಿಮೆಯಾಗಿತ್ತು.

ನೀರನ್ನೇ ತೆಗೆದುಕೊಳ್ಳಿ. ಪಂಪು, ವಿದ್ಯುತ್ ತಂತಿ, ಗ್ಯಾಸ್ ಪೈಪು ಬರುವ ದಾರಿಯೆಲ್ಲ ಮುತ್ತಿಗೆ ಹಾಕಿದವರ ಕೈಯಲ್ಲಿತ್ತು. ಅವರಿಗೆ ಬೇಡ ಅನ್ನಿಸಿದ ದಿನ ನಲ್ಲಿ ಒಣಗುತ್ತಿತ್ತು. ಊರಿನ ಹಳೆಯ ಬಿಯರ್ ಕಾರ್ಖಾನೆಯ ಕೆಳಗೆ ನೆಲದಡಿಯ ನೀರಿನ ಸೆಲೆ ಇತ್ತು. ಜನ ಅಲ್ಲಿಗೆ ಹೋಗಿ ಸಾಲು ನಿಲ್ಲುತ್ತಿದ್ದರು. ಪ್ಲಾಸ್ಟಿಕ್ ಕ್ಯಾನುಗಳನ್ನು ಮಕ್ಕಳನ್ನು ಕೂರಿಸುವ ತಳ್ಳುಗಾಡಿಯಲ್ಲಿ, ಸೈಕಲ್ಲಿನಲ್ಲಿ, ಚಳಿಗಾಲದಲ್ಲಿ ಹಿಮದ ಮೇಲೆ ಎಳೆಯುವ ಬಂಡಿಯಲ್ಲಿ ಸಾಗಿಸುತ್ತಿದ್ದರು. ಕರೆಂಟ್ ಇಲ್ಲ, ಲಿಫ್ಟ್ ಇಲ್ಲ. ಹತ್ತನೇ ಮಹಡಿಯ ಮನೆಯಾದರೆ ಎರಡು ಕ್ಯಾನು ಹೊತ್ತು ಮೆಟ್ಟಿಲು ಹತ್ತಬೇಕು. ಹಾಗೆ ತಂದ ನೀರನ್ನು ಒಂದೇ ಸಲ ಬಳಸಿ ಚೆಲ್ಲುವ ಮಾತೇ ಇಲ್ಲ. ಮುಖ ತೊಳೆದ ನೀರಲ್ಲಿ ಬಟ್ಟೆ, ಬಟ್ಟೆ ಒಗೆದ ನೀರು ಕಕ್ಕಸಿಗೆ. 1993ರ ಜುಲೈ 12ರಂದು ಡೊಬ್ರಿನ್ಯಾ ಬಡಾವಣೆಯಲ್ಲಿ ನೀರಿಗಾಗಿ ನಿಂತ ಸಾಲಿನ ಮೇಲೆ ಶೆಲ್ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮೊದಲು, 1992ರ ಮೇ 27ರಂದು ಬ್ರೆಡ್ಡಿನ ಸಾಲಿನ ಮೇಲೆ ಬಿದ್ದಿತ್ತು. 1994ರ ಫೆಬ್ರವರಿ 5ರಂದು ಮಾರ್ಕಾಲೆ ಸಂತೆಯಲ್ಲಿ ಒಂದೇ ಶೆಲ್ಲಿಗೆ 68 ಜನ ಹೋದರು. ಇಷ್ಟಾದರೂ ಮಾರನೇ ದಿನ ಸಾಲಲ್ಲಿ ನಿಲ್ಲಲೇಬೇಕು. ಬಾಯಾರಿಕೆ ಕಾಯುವುದಿಲ್ಲ.

ಊಟ ಬರುತ್ತಿದ್ದುದು ಹೆಚ್ಚಾಗಿ ವಿಶ್ವಸಂಸ್ಥೆಯ ವಿಮಾನಗಳಲ್ಲಿ. 1992ರ ಜುಲೈಯಿಂದ 1996ರ ಜನವರಿವರೆಗೆ ಆ ಹಾರಾಟ ನಡೆಯಿತು. ಬರ್ಲಿನ್‌ಗೆ 1948ರಲ್ಲಿ ಶುರುವಾದ ವಿಮಾನ ಸಾಗಣೆಗಿಂತಲೂ ಇದು ಉದ್ದ. ಅಕ್ಕಿ, ಮ್ಯಾಕರೋನಿ, ಹುರುಳಿಕಾಯಿ ಬೀಜ, ಹಾಲಿನ ಪುಡಿ, ಡಬ್ಬಿಯ ದನದ ಮಾಂಸ. ಇಕಾರ್ ಅನ್ನುವ ಆ ಡಬ್ಬಿ ಮಾಂಸದ ರುಚಿಯನ್ನು ಊರು ಇವತ್ತಿಗೂ ಮರೆತಿಲ್ಲ. ಆ ಡಬ್ಬಿಯದೇ ದೊಡ್ಡದೊಂದು ಪ್ರತಿಮೆ ಮಾಡಿ 2007ರಲ್ಲಿ ನಿಲ್ಲಿಸಿದ್ದಾರೆ.

ಆ ಸಾಮಾನಿನಲ್ಲೇ ಹೆಂಗಸರು ಏನೇನೋ ಮಾಡಿದರು. ಹಾಲಿನ ಪುಡಿಯಿಂದ ಚೀಸ್ ಥರದ್ದು. ರಸ್ತೆ ಬದಿಯ ತುರಚೆ ಸೊಪ್ಪು ಕಿತ್ತು ತಂದು ಹಿಟ್ಟಿನೊಳಗೆ ತುಂಬಿ ಕಡುಬಿನಂಥದ್ದು. ಬಾಲ್ಕನಿಯ ಕುಂಡದಲ್ಲಿ ಟೊಮೆಟೊ, ಈರುಳ್ಳಿ. ಕಾಫಿ ಇಲ್ಲದಿದ್ದರೆ ಬೇಳೆಯನ್ನೋ ಅಕ್ಕಿಯನ್ನೋ ಹುರಿದು ಪುಡಿ ಮಾಡಿ ಕುದಿಸಿದರು. ನಮ್ಮ ಕಡೆ ಬೆಳಗಿನ ಕಾಫಿ ತಪ್ಪಿದರೆ ದಿನವೇ ಶುರುವಾಗದ ಮನೆಗಳಿವೆಯಲ್ಲ, ಅವರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಳೆ ಹುರಿದು ಮಾಡಿದ ಕಾಫಿ ಕಾಫಿಯಲ್ಲ. ಆದರೆ ಪಕ್ಕದ ಮನೆಯವಳನ್ನು ಕರೆದು ಒಂದು ಲೋಟ ಕೊಡುವುದಕ್ಕೆ ಅಷ್ಟು ಸಾಕಿತ್ತು.

ಹಣದ ಬದಲು ಸಿಗರೇಟ್ ಓಡುತ್ತಿತ್ತು. ಊರಿನ ತಂಬಾಕು ಕಾರ್ಖಾನೆ ಯುದ್ಧದುದ್ದಕ್ಕೂ ನಡೆಯಿತು. ಪ್ಯಾಕೆಟ್ಟಿಗೆ ಕಾಗದ ಸಿಗದಾಗ ಹಳೆಯ ಪುಸ್ತಕಗಳ ಹಾಳೆಯಲ್ಲೇ ಸುತ್ತಿ ಕೊಟ್ಟರು.

ಎಲ್ಲಕ್ಕಿಂತ ದೊಡ್ಡ ಕಷ್ಟ ಚಳಿ. ಸರಾಯೆವೊದಲ್ಲಿ ಚಳಿಗಾಲದಲ್ಲಿ ಮೈನಸ್ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಕಿಟಕಿಗೆ ಗಾಜಿಲ್ಲ, ವಿಶ್ವಸಂಸ್ಥೆ ಕೊಟ್ಟ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಜನ ತಗಡಿನ ಡಬ್ಬಿಗಳಿಂದ ಪುಟ್ಟ ಒಲೆ ಮಾಡಿಕೊಂಡು, ಹೊಗೆ ಕೊಳವೆಯನ್ನು ಕಿಟಕಿಯಿಂದ ಆಚೆ ಬಿಟ್ಟರು. ಮೊದಲು ಬೀದಿಯ, ಉದ್ಯಾನದ ಮರಗಳು ಹೋದವು. ಆಮೇಲೆ ಪಾರ್ಕಿನ ಬೆಂಚು, ಮನೆಯ ಕುರ್ಚಿ, ನೆಲಕ್ಕೆ ಹಾಸಿದ್ದ ಮರದ ಹಲಗೆ, ಹಳೆಯ ಬೂಟು. ಕೊನೆಗೆ ಪುಸ್ತಕ. ಯಾವ ಪುಸ್ತಕ ಮೊದಲು ಸುಡುವುದು ಅಂತ ಮನೆಯವರು ಕೂತು ತೀರ್ಮಾನ ಮಾಡಬೇಕಿತ್ತು. ಈ ಒಂದು ವಿಷಯ ಯೋಚಿಸಿದಾಗೆಲ್ಲ ನನಗೆ ನಮ್ಮ ಮನೆಯ ಕಪಾಟು ಕಣ್ಣಿಗೆ ಬರುತ್ತದೆ. ರಾತ್ರಿಯ ಬೆಳಕಿಗೆ ಒಂದು ಲೋಟದಲ್ಲಿ ನೀರು, ಅದರ ಮೇಲೆ ತೇಲುವ ಎಣ್ಣೆ, ನಡುವೆ ಬತ್ತಿ. ನಮ್ಮ ದೇವರ ಮನೆಯಲ್ಲಿ ಕೆಲವರು ಹಚ್ಚುವ ನೀರ ದೀಪ ಇದೆಯಲ್ಲ, ಹೆಚ್ಚುಕಡಿಮೆ ಅದೇ.

ಇಷ್ಟಕ್ಕೂ ಮನೆಯಿಂದ ಹೊರಗೆ ಕಾಲಿಡುವುದೇ ಅಪಾಯ. ಬೆಟ್ಟದಿಂದ, ಎತ್ತರದ ಕಟ್ಟಡಗಳಿಂದ ಸ್ನೈಪರುಗಳು ಗುರಿ ಇಟ್ಟಿರುತ್ತಿದ್ದರು. ರಸ್ತೆ ಕೂಡುವ ಜಾಗದಲ್ಲಿ "ಪಾಜಿ, ಸ್ನಾಯ್ಪೆರ್!" ಅಂತ ಫಲಕ, ಅಂದರೆ ಹುಷಾರು, ಸ್ನೈಪರ್. ಸುಟ್ಟ ಬಸ್ಸು, ಕಂಟೇನರುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಮರೆ ಮಾಡಿಕೊಂಡಿದ್ದರು. ಕೆಲವು ಕಡೆ ದೊಡ್ಡ ಬಟ್ಟೆಗಳನ್ನು ಅಡ್ಡ ಕಟ್ಟಿದ್ದರು. ಬಟ್ಟೆ ಗುಂಡನ್ನು ತಡೆಯುವುದಿಲ್ಲ, ಗುರಿ ಕಾಣದ ಹಾಗೆ ಮಾಡುತ್ತದೆ. ಮರೆ ಇಲ್ಲದ ಕಡೆ ಓಡಬೇಕು. ಮುದುಕರು, ಮಗುವನ್ನು ಎತ್ತಿಕೊಂಡವರು, ನೀರು ಹೊತ್ತವರು, ಎಲ್ಲರೂ ಓಡಬೇಕು.

ಇದರ ನಡುವೆಯೂ ಸ್ಕೂಲು ನಡೆಯಿತು. ಕಟ್ಟಡದಲ್ಲಲ್ಲ, ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ, ನೆಲಮಾಳಿಗೆಯಲ್ಲಿ. ಅದೇ ಬೀದಿಯ ಮೇಷ್ಟ್ರು, ಅದೇ ಬೀದಿಯ ಮಕ್ಕಳು. ದೂರ ನಡೆದಷ್ಟೂ ಅಪಾಯ ಅಂತ ಹಾಗೆ ಮಾಡಿದ್ದರು. "ಓಸ್ಲೊಬೊಜೆನ್ಯೆ" ಪತ್ರಿಕೆಯ ಕಟ್ಟಡ ಗುಂಡು, ಶೆಲ್ಲುಗಳಿಗೆ ಕುಸಿದರೂ ಕೆಳಗಿನ ಆಶ್ರಯ ಕೋಣೆಯಲ್ಲಿ ಕೂತು ಪತ್ರಿಕೆ ತಂದರು. ಮೇಣದಬತ್ತಿ ಹಚ್ಚಿಟ್ಟು ನಾಟಕ ಆಡಿದರು, ಜನ ಪ್ರಾಣ ಕೈಯಲ್ಲಿ ಹಿಡಿದು ನೋಡಲು ಬಂದರು. ಇವತ್ತು ಹೆಸರುವಾಸಿಯಾದ ಸರಾಯೆವೊ ಚಿತ್ರೋತ್ಸವ ಹುಟ್ಟಿದ್ದು 1995ರಲ್ಲಿ, ಮುತ್ತಿಗೆ ಇನ್ನೂ ಮುಗಿಯದಿದ್ದಾಗ. ಹೆಂಗಸರು ಲಿಪ್‌ಸ್ಟಿಕ್ ಹಚ್ಚಿ, ಬಟ್ಟೆ ಇಸ್ತ್ರಿ ಮಾಡಿಕೊಂಡೇ ನೀರಿನ ಸಾಲಿಗೆ ಹೋಗುತ್ತಿದ್ದರು. ಹೊಟ್ಟೆಗಿಲ್ಲದಾಗ ಇದೆಲ್ಲ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಿನ್ನೆಯ ಹಾಗೆಯೇ ಇವತ್ತೂ ತಲೆ ಬಾಚಿಕೊಂಡರೆ ತಾನಿನ್ನೂ ತಾನೇ ಅನ್ನುವುದು ಮನಸ್ಸಿಗೆ ಗೊತ್ತಾಗುತ್ತದೆ. ಬೆಟ್ಟದ ಮೇಲಿದ್ದವರು ಕಿತ್ತುಕೊಳ್ಳಲು ನೋಡಿದ್ದು ಅದನ್ನೇ. ಜನರನ್ನು ಭಯದಲ್ಲಿ ಇಡುವುದೇ ಗುರಿಯಾಗಿತ್ತು ಅಂತ ಹೇಗ್ ನಗರದಲ್ಲಿ ಯುದ್ಧಾಪರಾಧಗಳ ವಿಚಾರಣೆಗೆಂದು ವಿಶ್ವಸಂಸ್ಥೆ ರಚಿಸಿದ್ದ ನ್ಯಾಯಮಂಡಳಿ ಆಮೇಲೆ ತೀರ್ಪು ಕೊಟ್ಟಿತು. ಮುತ್ತಿಗೆ ಹಾಕಿದ್ದ ಸೇನೆಯ ಅಧಿಕಾರಿ ಸ್ತಾನಿಸ್ಲಾವ್ ಗಾಲಿಚ್‌ಗೆ 2006ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಆದರೆ ಇದನ್ನೆಲ್ಲ ಚೆಂದದ ಕಥೆ ಮಾಡಿಕೊಳ್ಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಜನ ಬಡಕಲಾದರು. ಕಾಳಸಂತೆಯಲ್ಲಿ ಕೆಲವರು ಚೆನ್ನಾಗಿ ದುಡ್ಡು ಮಾಡಿದರು. ಸಣ್ಣ ವಿಷಯಕ್ಕೂ ಜಗಳವಾಗುತ್ತಿತ್ತು. 1994ರ ಜನವರಿಯಲ್ಲಿ ಶೆಲ್ ದಾಳಿ ಸ್ವಲ್ಪ ತಣ್ಣಗಾಗಿದೆ ಅಂತ ಹಿಮದಲ್ಲಿ ಜಾರಾಡಲು ಬಿಟ್ಟ ಆರು ಮಕ್ಕಳು ಒಟ್ಟಿಗೆ ಸತ್ತರು. ತಿಂಗಳುಗಟ್ಟಲೆ ಮಕ್ಕಳನ್ನು ಒಳಗೇ ಕೂಡಿಹಾಕಿದ್ದ ಅಪ್ಪ ಅಮ್ಮಂದಿರು ಅವತ್ತೊಂದು ದಿನ ಆಡಲಿ ಬಿಡು ಅಂದಿದ್ದರು.

ಒಂಟಿಯಾಗಿ ಅಲ್ಲಿ ಯಾರೂ ಉಳಿಯಲು ಆಗುತ್ತಿರಲಿಲ್ಲ. ಅಲ್ಲಿನ ಮಾತಲ್ಲಿ "ಕೊಮ್ಶಿಲುಕ್" ಅಂತ ಒಂದು ಪದ ಇದೆ, ನಮ್ಮ ನೆರೆಹೊರೆ ಅನ್ನುವ ಹಾಗೆ. ಒಬ್ಬರ ಮನೆಯಲ್ಲಿ ಒಲೆ ಉರಿದರೆ ನಾಲ್ಕು ಮನೆಯವರು ಬಂದು ಬೇಯಿಸಿಕೊಳ್ಳುವುದು, ಯಾರಿಗೋ ಕಾರಿನ ಬ್ಯಾಟರಿ ಸಿಕ್ಕರೆ ಎಲ್ಲರೂ ಸೇರಿ ರೇಡಿಯೋ ಕೇಳುವುದು. ಊರಿನ ಯಹೂದಿಗಳ "ಲಾ ಬೆನೆವೊಲೆನ್ಸಿಯಾ" ಅನ್ನುವ ಹಳೆಯ ಸಂಘ ಔಷಧಿ ಅಂಗಡಿ, ಊಟದ ಮನೆ ನಡೆಸಿತು. ಮುಸ್ಲಿಂ, ಸರ್ಬ್, ಕ್ರೊಯಾಟ್ ಅಂತ ನೋಡದೆ ಎಲ್ಲರಿಗೂ ಕೊಟ್ಟಿತು. ಮುತ್ತಿಗೆಯ ಒಳಗೆ ಸರ್ಬ್ ಜನರೂ ಇದ್ದರು ಅನ್ನುವುದು ನಮ್ಮಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ. ಅವರೂ ಅದೇ ನೀರಿಗೆ ಸಾಲು ನಿಂತರು, ಅವರ ಮೇಲೂ ಅದೇ ಶೆಲ್ ಬಿತ್ತು.

ಊರಿಗೆ ಉಸಿರು ಬಂದಿದ್ದು ಒಂದು ಸುರಂಗದಿಂದ. ವಿಮಾನ ನಿಲ್ದಾಣ ವಿಶ್ವಸಂಸ್ಥೆಯ ಕೈಯಲ್ಲಿತ್ತು. ಅದನ್ನು ದಾಟಿದರೆ ಆಚೆ ಊರನ್ನು ಕಾಯುತ್ತಿದ್ದ ಬೋಸ್ನಿಯಾ ಸರ್ಕಾರದ ಸೇನೆಯ ಜಾಗ. ಮೊದಲೆಲ್ಲ ಜನ ರಾತ್ರಿ ರನ್‌ವೇ ಮೇಲೆ ಓಡಿ ದಾಟಲು ನೋಡುತ್ತಿದ್ದರು, ಎಷ್ಟೋ ಜನ ಗುಂಡಿಗೆ ಬಲಿಯಾದರು. 1993ರಲ್ಲಿ ಡೊಬ್ರಿನ್ಯಾ ಕಡೆಯಿಂದ, ಬುಟ್ಮಿರ್ ಕಡೆಯಿಂದ ಕೈಯಲ್ಲೇ ಅಗೆಯುತ್ತಾ ಬಂದು ರನ್‌ವೇ ಕೆಳಗೆ ಸುಮಾರು 800 ಮೀಟರ್ ಸುರಂಗ ಮಾಡಿದರು. ಎತ್ತರ ಒಂದೂವರೆ ಮೀಟರಿಗೆ ಸ್ವಲ್ಪ ಜಾಸ್ತಿ ಅಷ್ಟೆ. ಕಾಲಡಿ ನೀರು, ತಲೆ ಬಗ್ಗಿಸಿಯೇ ನಡೆಯಬೇಕು. ಹಿಟ್ಟು, ಔಷಧಿ, ಮದ್ದುಗುಂಡು, ಗಾಯಾಳುಗಳು ಎಲ್ಲ ಅದರಲ್ಲೇ. ಆಮೇಲೆ ಹಳಿ ಹಾಕಿ ಬಂಡಿ ಓಡಿಸಿದರು, ಕರೆಂಟಿನ ಕೇಬಲ್ ಎಳೆದರು.

2012ರಲ್ಲಿ, ಮುತ್ತಿಗೆ ಶುರುವಾಗಿ ಇಪ್ಪತ್ತು ವರ್ಷವಾದಾಗ, ಊರಿನ ಮುಖ್ಯ ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟರು. ಸತ್ತವರಿಗೆ ತಲೆಗೊಂದು ಕುರ್ಚಿ. ನಡುವೆ ಪುಟ್ಟ ಪುಟ್ಟ ಕುರ್ಚಿಗಳೂ ಇದ್ದವು.

ಬದುಕಿ ಉಳಿದ ಮಕ್ಕಳು ಇಟ್ಟುಕೊಂಡಿದ್ದ ಸಾಮಾನುಗಳನ್ನು ಸೇರಿಸಿ 2017ರಲ್ಲಿ ಅಲ್ಲೊಂದು ವಸ್ತುಸಂಗ್ರಹಾಲಯ ತೆರೆದರು, ಯುದ್ಧಕಾಲದ ಬಾಲ್ಯಕ್ಕೆಂದೇ. ಆಟಿಕೆ, ಡೈರಿ, ಬಟ್ಟೆ, ಒಂದೊಂದರ ಪಕ್ಕದಲ್ಲೂ ಅದನ್ನು ಕೊಟ್ಟವರ ಮಾತು. ಈಗ ಆ ಸಂಸ್ಥೆ ಉಕ್ರೇನಿನ ಮಕ್ಕಳ ವಸ್ತುಗಳನ್ನೂ ಸಂಗ್ರಹಿಸುತ್ತಿದೆ.

ಖಾರ್ಕಿವ್ ರಷ್ಯಾದ ಗಡಿಗೆ ತುಂಬಾ ಹತ್ತಿರ. ಎಷ್ಟೋ ಸಲ ಸೈರನ್ ಕೂಗುವ ಮೊದಲೇ ಕ್ಷಿಪಣಿ ಬಂದು ಬೀಳುತ್ತದೆ. ಮಕ್ಕಳನ್ನು ಓಡಿಸಿ ಬಚ್ಚಿಡಲು ಸಮಯವೇ ಸಿಗುವುದಿಲ್ಲ. ಹಾಗಾಗಿ 2023ರ ಸೆಪ್ಟೆಂಬರಿನಲ್ಲಿ ಅಲ್ಲಿನವರು ಮೆಟ್ರೋ ನಿಲ್ದಾಣಗಳೊಳಗೇ ತರಗತಿ ಶುರು ಮಾಡಿದರು. 2024ರಲ್ಲಿ ಪೂರ್ತಿ ನೆಲದಡಿಯಲ್ಲೇ ಕಟ್ಟಿದ ಶಾಲೆಯೂ ತೆರೆಯಿತು. 2022ರ ಮೊದಲ ದಿನಗಳಲ್ಲಿ ಕರ್ನಾಟಕದಿಂದ ಓದಲು ಹೋಗಿದ್ದ ಹುಡುಗ ಹುಡುಗಿಯರು ರಾತ್ರಿ ಕಳೆದಿದ್ದು ಅದೇ ಊರಿನ ಮೆಟ್ರೋ ನಿಲ್ದಾಣಗಳಲ್ಲಿ, ಬಂಕರುಗಳಲ್ಲಿ. ಅವರು ಹೊರಟು ಬಂದರು. ಊರಿನ ಮಕ್ಕಳು ಅಲ್ಲೇ ಇದ್ದಾರೆ. ಬೆಳಗ್ಗೆ ಬ್ಯಾಗು ಹಾಕಿಕೊಂಡು, ಅಮ್ಮನ ಕೈ ಹಿಡಿದು, ನಿಲ್ದಾಣದ ಮೆಟ್ಟಿಲು ಇಳಿದು ಕ್ಲಾಸಿಗೆ ಹೋಗುತ್ತಾರೆ.